ಅಪ್ಪನಿಗೆ ಕೊಟ್ಟದ್ದು ಅಟ್ಟ ಸೇರಬಾರದು

ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ. ನಮ್ಮ ಕಾಲದಲ್ಲಿ ಇದು ಇರಲಿಲ್ಲ, ಈಗ ಇದ್ದರೆ ನನಗೇನೂ ತಕರಾರಿಲ್ಲ. ಹಬ್ಬ ಬಂದರೆ ಅಮ್ಮನಿಗೆ ಸೀರೆ, ಮಕ್ಕಳಿಗೆ ಹೊಸ ಬಟ್ಟೆ. ಅಪ್ಪನನ್ನು ಕೇಳಿದರೆ "ನನಗ್ಯಾಕೆ, ಇರೋದೇ ಸಾಕು" ಅನ್ನುತ್ತಾರೆ, ಎಲ್ಲರೂ ಅದನ್ನೇ ನಂಬಿಬಿಡುತ್ತಾರೆ. ವರ್ಷಕ್ಕೊಂದು ದಿನ ಅವರಿಗೂ ಇರಲಿ ಬಿಡಿ. ನನ್ನ ತಕರಾರು ಆ ದಿನ ಮನೆಗೆ ಬರುವ ಸಾಮಾನಿನ ಬಗ್ಗೆ. ಜಗತ್ತಿನ ಶ್ರೇಷ್ಠ ಅಪ್ಪ ಅಂತ ಬರೆದ ಮಗ್ಗು, ಫೋಟೋ ಅಚ್ಚು ಹಾಕಿಸಿದ ದಿಂಬು, ಮೇಜಿನ ಮೇಲಿಡುವ ಅಕ್ರಿಲಿಕ್ ಫಲಕ. ಒಂದು ವಾರ ಷೋಕೇಸು, ಆಮೇಲೆ ಅಟ್ಟ. ಈಗಂತೂ ಇಂಥ ಸಾಮಾನಿಗೆ ಹಸಿರು ಎಲೆಯ ಚಿತ್ರ ಅಂಟಿಸಿ, ಪರಿಸರಸ್ನೇಹಿ ಅಂತ ಬರೆದು, ಜಾಸ್ತಿ ದುಡ್ಡು ಕೀಳುತ್ತಾರೆ.

ಅಪ್ಪ ಅದನ್ನು ಸವೆಯುವ ತನಕ ಬಳಸುತ್ತಾರಾ? ನಾನು ನೋಡುವುದು ಇಷ್ಟೇ. ಹೌದಾದರೆ ತನ್ನಿ. ಇಲ್ಲದಿದ್ದರೆ ಅದು ಬಿದಿರಿನದ್ದಾದರೂ ಕಸವೇ. ಇದನ್ನು ಅಪ್ಪನ ಬಾಯಿಂದ ಹೊರಡಿಸಲು ಆಗುವುದಿಲ್ಲ. ಸುಮ್ನೆ ಒಂದು ದಿನ ಅವರು ಬೆಳಗ್ಗೆಯಿಂದ ಏನೇನು ಮುಟ್ಟುತ್ತಾರೆ ಅಂತ ಗಮನಿಸಿ. ಹಾಲು ತರುವ ಚೀಲ, ವಾಕಿಂಗ್ ಚಪ್ಪಲಿ, ಕಾಫಿ ಫಿಲ್ಟರು, ಶೇವಿಂಗ್ ಸೆಟ್ಟು, ಪೇಪರ್ ಓದುವ ಕನ್ನಡಕ, ಬೀಗದ ಕೈ ಗೊಂಚಲು. ಇದರಲ್ಲಿ ಹರಿದಿದ್ದು ಯಾವುದು, ರಬ್ಬರ್ ಬ್ಯಾಂಡ್ ಸುತ್ತಿ ಓಡಿಸುತ್ತಿರುವುದು ಯಾವುದು ನೋಡಿದರೆ ಅರ್ಧ ಕೆಲಸ ಮುಗಿಯಿತು.

ಹೊಸದು ಕೊಳ್ಳುವ ಮೊದಲು ರಿಪೇರಿ ಬಗ್ಗೆ ಯೋಚಿಸಿ. ಬೆಂಗಳೂರಿನ ಹಳೇ ಮನೆಗಳಲ್ಲಿ ಬೀರುವಿನ ಒಳಖಾನೆ ತೆಗೆದರೆ ಒಂದು ಎಚ್‌ಎಂಟಿ ವಾಚು ಸಿಗುವ ಸಾಧ್ಯತೆ ಜಾಸ್ತಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ನಮ್ಮೂರಿನಲ್ಲೇ ವಾಚು ಮಾಡಲು ಶುರು ಮಾಡಿತು. ವಾಚು ಕಂಪನಿ ಮುಚ್ಚುವ ತೀರ್ಮಾನ ಆಗಿದ್ದು 2016ರಲ್ಲಿ. ಆದರೆ ಕೀ ಕೊಡುವ ಆ ವಾಚುಗಳು ಇನ್ನೂ ಎಷ್ಟೋ ಕೈಗಳಲ್ಲಿ ಓಡುತ್ತಿವೆ. ಅಪ್ಪನ ವಾಚು ನಿಂತಿದ್ದರೆ ಕೆಟ್ಟೇ ಹೋಗಿದೆ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಇಟ್ಟಲ್ಲೇ ಇಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗಿ ಚಕ್ರಗಳು ಹಿಡಿದುಕೊಳ್ಳುತ್ತವೆ. ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿದರೆ ಬಹಳಷ್ಟು ವಾಚು ಮತ್ತೆ ಓಡುತ್ತವೆ. ಬ್ಯಾಟರಿ ಬೇಡ, ಚಾರ್ಜು ಬೇಡ.

ಒಂದು ಎಚ್ಚರಿಕೆ. ಅಂಗಡಿಗೆ ಕೊಡುವಾಗ "ಸರ್ವಿಸ್ ಮಾತ್ರ ಮಾಡಿ, ಡಯಲ್ ಮುಟ್ಟಬೇಡಿ" ಅಂತ ಬಿಡಿಸಿ ಹೇಳಿ. ಕೆಲವರು ಹಳೇ ಡಯಲಿಗೆ ಹೊಸ ಬಣ್ಣ ಬಳಿದು ಫಳಫಳ ಮಾಡಿ ಕೊಡುತ್ತಾರೆ. ಅಪ್ಪ ಕೈಗೆ ಕಟ್ಟಿಕೊಂಡು "ಇದು ನನ್ನದಲ್ಲ" ಅಂದರೆ ಏನು ಮಾಡುತ್ತೀರಿ? ಕೊಡುವ ಮೊದಲು ಮುಂದೆ ಹಿಂದೆ ಫೋಟೋ ತೆಗೆದಿಟ್ಟುಕೊಳ್ಳಿ. ಬೆಲ್ಟು ಮಾತ್ರ ಹೊಸದು ಹಾಕಿಸಿ. ದಿನಾ ಒಂದೇ ಹೊತ್ತಿಗೆ ಕೀ ಕೊಡಬೇಕು, ಬಿಗಿಯಾಯಿತು ಅನಿಸಿದ ಕಡೆ ನಿಲ್ಲಿಸಬೇಕು. ಅಪ್ಪನಿಗೆ ಇದನ್ನು ಹೇಳಿಕೊಡಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯದ್ದೇ ಒಂದು ಮ್ಯೂಸಿಯಂ ಇದೆ. ರಿಪೇರಿಯಾದ ವಾಚು ಕಟ್ಟಿಸಿ, ಮೊಮ್ಮಕ್ಕಳ ಜೊತೆ ಅಲ್ಲಿಗೆ ಕಳಿಸಿದರೆ ಅರ್ಧ ದಿನದ ಮಾತಿಗೆ ಬರವಿಲ್ಲ.

ರೇಡಿಯೋ ಕಥೆಯೂ ಇದೇ. ಬೆಂಗಳೂರಿನ ಎಸ್‌ಪಿ ರೋಡಿನ ಗಲ್ಲಿಗಳಲ್ಲಿ ಹಳೇ ಸೆಟ್ಟಿಗೆ ಬೇಕಾದ ಬಿಡಿಭಾಗ ಹುಡುಕಬಹುದು. ಸೆಟ್ಟಿಗೆ ಎಫ್‌ಎಂ ಇದ್ದರೆ 102.9ರಲ್ಲಿ ವಿವಿಧ ಭಾರತಿ ಬರುತ್ತದೆ, ಅಪ್ಪನಿಗೆ ಅಷ್ಟು ಸಾಕು. ಫೋನಿನ ಚಾರ್ಜು ನಿಲ್ಲುವುದಿಲ್ಲ ಅಂತ ಹೊಸ ಫೋನೇ ಕೊಡಿಸುವ ಮಕ್ಕಳಿದ್ದಾರೆ. ಮೊದಲು ಬ್ಯಾಟರಿ ಬದಲಾಯಿಸಿ ನೋಡಿ. ಹೊಸ ಫೋನ್ ಬಂದರೆ ಅಪ್ಪ ಎಲ್ಲವನ್ನೂ ಮೊದಲಿಂದ ಕಲಿಯಬೇಕು, ನೀವು ದಿನಕ್ಕೆ ಹತ್ತು ಸಲ ಹೇಳಿಕೊಡಬೇಕು. ಚರ್ಮದ ಚಪ್ಪಲಿ, ಬೂಟುಗಳಿಗೆ ಅಟ್ಟೆ ಹಾಕಿಸಿ. ನಿಮ್ಮ ರಸ್ತೆ ಮೂಲೆಯಲ್ಲಿ ಕೂರುವ ಚಮ್ಮಾರರಿಗೂ ಒಂದು ದಿನದ ಸಂಪಾದನೆ ಆಗುತ್ತದೆ.

ಬಟ್ಟೆಗೆ ಬರೋಣ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗಬಹುದು. ಅಪ್ಪಂದಿರಿಗೆ ಶರ್ಟು ಕೊಡುವುದಾದರೆ ಕೈಮಗ್ಗದ್ದೇ ಕೊಡಿ. ಇಸ್ತ್ರಿ ಕಮ್ಮಿ ಬೇಕು ಅಂತ ಪಾಲಿಸ್ಟರ್ ಮಿಶ್ರಣ ಕೊಳ್ಳುತ್ತಾರೆ. ಅದು ಪ್ಲಾಸ್ಟಿಕ್ ನೂಲು. ಪ್ರತಿ ಒಗೆತಕ್ಕೂ ಸಣ್ಣ ಸಣ್ಣ ಎಳೆ ನೀರಿಗೆ ಬಿಡುತ್ತದೆ, ಏಪ್ರಿಲ್ ಬಿಸಿಲಲ್ಲಿ ಬೆನ್ನಿಗೆ ಅಂಟುತ್ತದೆ. ಸಾಗರದ ಹೆಗ್ಗೋಡು ಕಡೆಯ ಚರಕ ಸಹಕಾರ ಸಂಘದ ಹೆಣ್ಣುಮಕ್ಕಳು ನೇಯ್ದ ಬಟ್ಟೆ ಬೆಂಗಳೂರಿನ ದೇಸಿ ಅಂಗಡಿಗಳಲ್ಲಿ ಸಿಗುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬರುವ ಆ ಕೆಂಪುಗಂದು ಬಣ್ಣ ನಮ್ಮ ಕಡೆಯ ಗಂಡಸರ ಮೈಬಣ್ಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಸರ್ಕಾರದ ಪ್ರಿಯದರ್ಶಿನಿ ಮಳಿಗೆಗಳಿವೆ, ಖಾದಿ ಭಂಡಾರಗಳಿವೆ. ಬರೀ ಒರಟು ಬಟ್ಟೆ ಕಂಡಾಕ್ಷಣ ಖಾದಿ ಅಂತ ನಂಬಬೇಡಿ. ಖಾದಿ ಮಾರ್ಕ್ ಅಥವಾ ಕೈಮಗ್ಗದ ಗುರುತಿನ ಚೀಟಿ ಇದೆಯಾ ಅಂತ ಒಳಗೆ ತಿರುಗಿಸಿ ನೋಡಿ.

ಅಳತೆ ತೆಗೆದುಕೊಳ್ಳುವಾಗ ಒಂದು ಸೈಜು ಸಡಿಲ ಇರಲಿ. ಕೈಮಗ್ಗದ ಹತ್ತಿ ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುತ್ತದೆ, ಅಪ್ಪನ ಹೊಟ್ಟೆಯೂ ಹೋದ ವರ್ಷದಂತೆ ಇರುವುದಿಲ್ಲ. ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ. ಅಂಟುವಾಳದ ಕಾಯಿ ನೆನೆಸಿದ ನೀರಾದರೆ ಇನ್ನೂ ಒಳ್ಳೆಯದು. ನೆರಳಲ್ಲಿ ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿ. ಹರಿದ ಮೇಲೂ ಅದು ವರ್ಷಗಟ್ಟಲೆ ಅಡುಗೆಮನೆಯಲ್ಲಿ ಒರೆಸುವ ಬಟ್ಟೆಯಾಗಿ ದುಡಿಯುತ್ತದೆ. ಪಂಚೆ ಉಡುವವರಿಗೆ ಮೇಲುಕೋಟೆಯ ಕೈಮಗ್ಗದ ಪಂಚೆ ತನ್ನಿ. ಮಂಡಿ ನೋವು, ಡಿಸೆಂಬರ್ ಚಳಿ ಅನ್ನುವವರಿಗೆ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ. ಮೊದಮೊದಲು ಚುಚ್ಚುತ್ತದೆ, ಒಳಗೊಂದು ಹತ್ತಿ ಹೊದಿಕೆ ಹಾಕಿಕೊಂಡರೆ ಆಯಿತು. ಯೋಗ ಮಾಡುವ ಅಪ್ಪನಿಗೆ ಆ ನೀಲಿ ಪ್ಲಾಸ್ಟಿಕ್ ಚಾಪೆಯ ಬದಲು ನವಲಗುಂದದ ಜಮಖಾನ ಹೇಗೆ? ಹೆಣ್ಣುಮಕ್ಕಳೇ ನೇಯುವ ಹತ್ತಿಯ ಜಮಖಾನ ಅದು, ಊರಿನ ಹೆಸರಿಗೇ ಸಿಗುವ ಜಿಐ ಗುರುತೂ ಇದೆ. ನುಣುಪು ನೆಲದ ಮೇಲೆ ಜಾರಬಹುದು, ಅಡಿಗೆ ತೆಂಗಿನ ನಾರಿನ ಚಾಪೆ ಹಾಸಿಕೊಡಿ.

ಕೆಲವು ಅಪ್ಪಂದಿರಿಗೆ ಬಟ್ಟೆ ಗಿಟ್ಟೆ ಏನೂ ಹಿಡಿಸುವುದಿಲ್ಲ. ಅವರ ಸಂತೋಷವೆಲ್ಲ ಬಿಲ್ಲಿನಲ್ಲಿ. "ಯಾರು ಫ್ಯಾನ್ ಹಾಕಿ ಬಿಟ್ಟು ಹೋದದ್ದು?" ಅಂತ ಕೂಗುವವರು. ಅವರಿಗೆ ಕಮ್ಮಿ ಕರೆಂಟಿನ ಮೋಟಾರಿರುವ ಬಿಎಲ್‌ಡಿಸಿ ಫ್ಯಾನ್ ಕೊಡಿಸಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೂ ವರ್ಷಕ್ಕೆ 160 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತಿದ್ದರೂ ಲೆಕ್ಕ ತೋರಿಸಿ, ಖುಷಿಪಡುತ್ತಾರೆ. ಗೋಡೆಯ ಹಳೇ ರೆಗ್ಯುಲೇಟರ್ ಮೂಲಕ ಅದನ್ನು ಓಡಿಸಬಾರದು, ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ರೆಗ್ಯುಲೇಟರನ್ನು ತೆಗೆಸಿಬಿಡಿ.

ನೀರಿನ ಚಿಂತೆ ಇರುವ ಅಪ್ಪನಿಗೆ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಖರ್ಚು ಕಮ್ಮಿ ಮಾಡುವ ಜಾಲರಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಇದನ್ನು ಕಡ್ಡಾಯ ಮಾಡಿತ್ತು, ನೆನಪಿದೆ ಅಲ್ವಾ? ನಲ್ಲಿ ಬಾಯಿಗೆ ತಿರುಗಿಸುವ ಪುಟ್ಟ ಬಿಲ್ಲೆ, ಬೆಲೆಯೂ ಕಮ್ಮಿ. ತರುವ ಮೊದಲು ನಲ್ಲಿಯ ತಿರುಪು ಒಳಗಿದೆಯಾ ಹೊರಗಿದೆಯಾ ನೋಡಿಕೊಳ್ಳಿ. ಬೋರ್‌ವೆಲ್ ನೀರಾದರೆ ಜಾಲರಿಗೆ ಸುಣ್ಣ ಕಟ್ಟುತ್ತದೆ, ತಿಂಗಳಿಗೊಮ್ಮೆ ನಿಂಬೆರಸದಲ್ಲಿ ನೆನೆಸಿಡಬೇಕು. ಸ್ವಂತ ಮನೆ ಇದ್ದು ಕೈ ಸುಮ್ಮನಿರದ ಅಪ್ಪನಾದರೆ ಮಳೆನೀರಿಗೆ ಒಂದು ದೊಡ್ಡ ಡ್ರಮ್ಮು, ಸೋಸುವ ಜಾಲರಿ ಕೊಡಿ. ಸಾವಿರ ಚದರ ಅಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು. ಬೆಂಗಳೂರಿಗೆ ಅದು ಒಂದು ಸಂಜೆಯ ಮಳೆ. ಎಲ್ಲವೂ ಡ್ರಮ್ಮಿನಲ್ಲಿ ಹಿಡಿಯುವುದಿಲ್ಲ ನಿಜ, ಗಿಡಕ್ಕೆ, ಗಾಡಿ ತೊಳೆಯಲು ಸಾಕು. ಮೊದಲ ಮಳೆಯ ಕೊಳೆ ನೀರು ಬಿಟ್ಟುಬಿಡಿ. ಮುಚ್ಚಳ ಬಿಗಿಯಾಗಿರಲಿ, ಇಲ್ಲವಾದರೆ ಸೊಳ್ಳೆ ಸಾಕಿದಂತೆ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ. ಅಲ್ಲಿಗೆ ಕರೆದುಕೊಂಡು ಹೋದರೆ ವಾಪಸ್ ಬರುವಷ್ಟರಲ್ಲಿ ಅಪ್ಪ ಪೈಪಿನ ಅಳತೆ ಹೇಳುತ್ತಿರುತ್ತಾರೆ.

ಶೇವಿಂಗಿಗೆ ಎಸೆಯುವ ಪ್ಲಾಸ್ಟಿಕ್ ರೇಜರ್ ಬದಲು ಬ್ಲೇಡ್ ಹಾಕುವ ಸ್ಟೀಲ್ ರೇಜರ್. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಮಾತ್ರ ಇದು ಬೇಡ, ಕುಯ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ಹಳೇ ಬ್ಲೇಡುಗಳನ್ನು ತಗಡಿನ ಡಬ್ಬಿಯಲ್ಲಿ ಕೂಡಿಟ್ಟು, ಕಾಗದ ಸುತ್ತಿ ಕೆಂಪು ಗುರುತು ಹಾಕಿ ಕೊಡಿ, ಪೌರಕಾರ್ಮಿಕರ ಕೈ ಉಳಿಯುತ್ತದೆ. ಕಾಫಿ ಪ್ರಿಯರಿಗೆ ಒಂದು ಹಿತ್ತಾಳೆ ಫಿಲ್ಟರು, ಜೊತೆಗೆ ಸ್ಟೀಲ್ ಡಬ್ಬ. ಡಬ್ಬ ತೆಗೆದುಕೊಂಡು ಹೋಗಿ ಎದುರಿಗೇ ಪುಡಿ ಮಾಡಿಸಿ ತುಂಬಿಸಿ ತನ್ನಿ, ಚಿಕೋರಿ ಎಷ್ಟು ಅಂತ ಮಾತ್ರ ಅಮ್ಮನನ್ನು ಕೇಳಿಕೊಂಡು ಹೋಗಿ.

ಗಿಡ ಕೊಡುವವರಿಗೊಂದು ಮಾತು. ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಿಗೆ ಹೋದರೆ ಕಣ್ಣು ತುಂಬಿ ಹತ್ತು ಕುಂಡ ತರುತ್ತೀರಿ. ಬಗ್ಗಲಾಗದ ಅಪ್ಪನಿಗೆ ಅದು ದಿನಾ ಎರಡು ಬಕೆಟ್ ನೀರು ಹೊರುವ ಶಿಕ್ಷೆ. ದೊಡ್ಡಪತ್ರೆಯೋ ಕರಿಬೇವೋ ಒಂದೇ ಸಾಕು. ಕುಂಡವನ್ನು ಸೊಂಟದ ಎತ್ತರಕ್ಕೆ ಒಂದು ಸ್ಟ್ಯಾಂಡ್ ಮೇಲೆ ಇಟ್ಟುಕೊಡಿ. ಸಾಮಾನೇ ಬೇಡ ಅನ್ನುವ ಅಪ್ಪನಿಗೆ ಬನ್ನೇರುಘಟ್ಟ ಉದ್ಯಾನದಲ್ಲಿ ಅವರ ಹೆಸರಲ್ಲಿ ಒಂದು ಪ್ರಾಣಿ ದತ್ತು ತೆಗೆದುಕೊಳ್ಳಬಹುದು.

ಹಸಿರು ಹೆಸರಿನ ಮೋಸವೂ ಇದೆ. ಬಿದಿರಿನ ಬಟ್ಟೆ ಅಂತ ಮಾರುವುದರಲ್ಲಿ ಬಹಳಷ್ಟು ರಾಸಾಯನಿಕದಲ್ಲಿ ಕರಗಿಸಿ ತೆಗೆದ ರೇಯಾನ್. ಬಿದಿರಿನ ಬ್ರಷ್ಷಿನ ಹಿಡಿ ಬಿದಿರು, ಎಳೆ ಸಾಮಾನ್ಯವಾಗಿ ನೈಲಾನ್. ಪ್ರಾಣಿ ಚರ್ಮ ಬಳಸದ ವೀಗನ್ ಲೆದರ್ ಪರ್ಸು ಅಂದರೆ ಎಷ್ಟೋ ಸಲ ಬರೀ ಪಿಯು ಪ್ಲಾಸ್ಟಿಕ್, ಎರಡು ಮೂರು ಮಳೆಗಾಲ ಕಳೆದರೆ ಒಣಗಿದ ಹಪ್ಪಳದ ಹಾಗೆ ಸಿಪ್ಪೆ ಏಳುತ್ತದೆ. ಮನೆಯಲ್ಲಿ ಆಗಲೇ ನಾಲ್ಕು ಸ್ಟೀಲ್ ಬಾಟಲಿ ಇದ್ದರೆ ಐದನೆಯದು ಪರಿಸರಕ್ಕೆ ಏನೂ ಮಾಡುವುದಿಲ್ಲ. ತಾಮ್ರದ ಬಾಟಲಿ ಕೊಟ್ಟರೆ ಬರೀ ನೀರು ತುಂಬಿ ಅಂತ ಹೇಳಿ. ಮಜ್ಜಿಗೆ, ನಿಂಬೆ ಪಾನಕ ಹಾಕಿದರೆ ಹುಳಿಗೆ ತಾಮ್ರ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಒಳಗಡೆ ತೊಳೆಯಲು ಹುಣಸೆಹಣ್ಣು, ಉಪ್ಪು.

ಕಟ್ಟಿಕೊಡುವ ಕಾಗದವನ್ನು ಕೈಯಲ್ಲಿ ಮುದುರಿ ನೋಡಿ. ಬಿಟ್ಟ ಕೂಡಲೇ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಇದೆ. ಅಲಂಕಾರದ ಥರ್ಮಾಕೋಲು, ಸಿಹಿ ಡಬ್ಬದ ಮೇಲೆ ಸುತ್ತುವ ತೆಳು ಹಾಳೆ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಅಂಗಡಿಯವರು ಸುತ್ತಲು ಬಂದರೆ ಬೇಡ ಅನ್ನಿ. ಹೊಸ ಟವೆಲಿನಲ್ಲಿ ಸುತ್ತಿ ಗಂಟು ಕಟ್ಟಿದರೆ ಟವೆಲೂ ಉಡುಗೊರೆಯೇ. ಬೆಲೆ ಚೀಟಿ ಮಾತ್ರ ಕಿತ್ತುಬಿಡಿ. "ಎಷ್ಟಾಯ್ತು?" ಅಂತ ಕೇಳದ ಅಪ್ಪನನ್ನು ನಾನಿನ್ನೂ ಕಂಡಿಲ್ಲ.

ಕೊನೇ ವಾರದಲ್ಲಿ ಓಡಾಡಿದರೆ ಸಿಗುವುದು ಮಗ್ಗೇ. ವಾಚು ಸರ್ವಿಸಿಗೆ ಮೇ ತಿಂಗಳಲ್ಲೇ ಕೊಡಿ, ಬಿಡಿಭಾಗ ಹುಡುಕಲು ಅವರಿಗೂ ಸಮಯ ಬೇಕು. ಖಾದಿಗೆ ಅಕ್ಟೋಬರಿನಲ್ಲಿ ಗಾಂಧಿ ಜಯಂತಿ ಹೊತ್ತಿಗೆ ರಿಯಾಯಿತಿ ಬಿಡುತ್ತಾರೆ. ಆಗಲೇ ಕೊಂಡು, ಒಣಗಿದ ಬೇವಿನೆಲೆ ಹಾಕಿ ಬೀರುವಿನಲ್ಲಿ ಇಟ್ಟುಬಿಡಿ. ಅಪ್ಪ ತೆಗೆಯದ ಖಾನೆಯಲ್ಲಿ.