ಪಾರ್ಕ್ ಹೇಗಿದೆ ಅಂತ ಕೇಳುವುದನ್ನು ಬಿಟ್ಟ ಮೇಲೆ

ಹೊಸದಾಗಿ ಮಾಡಿದ ಪಾರ್ಕಿನ ಬಗ್ಗೆ ಜನ ಏನಂತಾರೆ ಅಂತ ತಿಳಿದು ಕೊಡುವ ಕೆಲಸ ನಿಮಗೆ ಸಿಕ್ಕಿದರೆ, ಮೊದಲೇ ಫಾರಂ ಪ್ರಿಂಟ್ ಮಾಡಿಸಬೇಡಿ. ಜನ ಎಲ್ಲಿ ಕೂರುತ್ತಾರೆ ಅಂತ ನೋಡಿ, ಎಣಿಸಿ. ಇದನ್ನು ನಾನು ತುಂಬಾ ದಿನದಿಂದ ಹೇಳುತ್ತಾ ಬಂದಿದ್ದೆ. ಯಾರೂ ನಂಬಲಿಲ್ಲ. ಈಗ ಬೆಂಗಳೂರಿನ ಪೇಟೆ ಕಡೆಯ ಒಂದು ಪಾರ್ಕಿನಲ್ಲಿ ನಮ್ಮ ಲೆಕ್ಕ ನೋಡಿಯೇ ಬೆಂಚು ಕಿತ್ತು ಬೇರೆ ಕಡೆ ಹಾಕಿದ್ದಾರೆ. ಬೀಗ ಬಿದ್ದಿದ್ದ ಹಿಂದಿನ ಗೇಟು ತೆರೆದಿದೆ. ಮಧ್ಯಾಹ್ನ ಹೋದರೆ ಕೂರಲು ಜಾಗ ಹುಡುಕಬೇಕು. ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಪಾರ್ಕಿನ ಹೆಸರು ಬೇಡ, ಕೆಲಸ ಕೊಟ್ಟವರ ಹೆಸರೂ ಬೇಡ.

ಜಾಗ ಮೂರು ಎಕರೆ ಚಿಲ್ಲರೆ. ಮೊದಲು ಮಣ್ಣಿನ ದಾರಿ, ಎರಡು ದೊಡ್ಡ ಮಳೆಮರ, ಒಂದು ಸಾಲು ಹೊಂಗೆ, ಮುರಿದ ಸಿಮೆಂಟ್ ಬೆಂಚು ಇದ್ದವು. ಹೊಸ ಡಿಸೈನ್‌ನಲ್ಲಿ ಗ್ರಾನೈಟ್ ಬೆಂಚು, ಇಂಟರ್‌ಲಾಕ್ ಟೈಲ್ಸ್ ಟ್ರ್ಯಾಕ್, ಓಪನ್ ಜಿಮ್, ಗಜೀಬೊ ಅನ್ನುವ ಮಂಟಪ, ನಡುವೆ ಒಂದು ಕಾರಂಜಿ ಬಂದವು. ಕಾರಂಜಿ ಇಲ್ಲದೆ ನಮ್ಮಲ್ಲಿ ಪಾರ್ಕ್ ಉದ್ಘಾಟನೆ ಆಗುವುದಿಲ್ಲ, ಅಲ್ವಾ?

ಮೊದಲ ಸುತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಬೇಕಾಯಿತು, ಕರಾರಿನಲ್ಲಿ ಹಾಗೇ ಇತ್ತು. ಟ್ಯಾಬ್‌ನಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಪ್ರಶ್ನೆ. ಕಾಲೇಜು ಹುಡುಗರಿಗೆ ದಿನಕ್ಕೆ 500 ರೂಪಾಯಿ ಮತ್ತು ಊಟ. ಟ್ಯಾಬ್ ಬಾಡಿಗೆ ಬೇರೆ. ಎಲ್ಲ ಸೇರಿ 60 ಸಾವಿರದ ಹತ್ತಿರ ಹೋಯಿತು. ಸುಮಾರು 400 ಜನ ಉತ್ತರ ಕೊಟ್ಟರು. ಐದಕ್ಕೆ ನಾಲ್ಕರ ಮೇಲೆ ಅಂಕ ಬಂತು, ಕೆಲಸ ಕೊಟ್ಟವರು ಖುಷಿ. ಹೊತ್ತಿನ ಪ್ರಕಾರ ವಿಂಗಡಿಸಿದಾಗ ನೋಡಿದರೆ, ಮುಕ್ಕಾಲು ಪಾಲು ಉತ್ತರ ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಬಂದದ್ದು. ಎಲ್ಲರೂ ವಾಕಿಂಗ್‌ನವರು. ಅವರು ಬೆಂಚಿನ ಮೇಲೆ ಕೂರುವುದೇ ಇಲ್ಲ, ಬೆಂಚಿಗೂ ನಾಲ್ಕು ಅಂಕ ಕೊಟ್ಟಿದ್ದರು!

ಗೇಟಿನಲ್ಲಿ ಕ್ಯೂಆರ್ ಕೋಡ್ ಬೋರ್ಡ್ ಹಾಕಿಸಿದೆವು. ಒಂದು ತಿಂಗಳಿಗೆ ಮೂವತ್ತೋ ನಲವತ್ತೋ ಉತ್ತರ. ಅದರಲ್ಲಿ ಅರ್ಧ ಪಕ್ಕದ ರಸ್ತೆಯ ಕಸದ ಬಗ್ಗೆ. ಆಮೇಲೆ ಸಾರ್ವಜನಿಕ ಸಭೆ. ಶಾಮಿಯಾನ, ಮೈಕ್, ಕಾಫಿ, ಬೋಂಡಾ, 15 ಸಾವಿರ ಖರ್ಚು. ಮೈಕ್ ಒಬ್ಬ ಹಿರಿಯರ ಕೈಗೆ ಹೋಗಿ ಮುಕ್ಕಾಲು ಗಂಟೆ ವಾಪಸ್ ಬರಲಿಲ್ಲ. ಉಳಿದ ಹೊತ್ತು ಷಟಲ್ ಆಡುವವರಿಗೂ ಯೋಗದವರಿಗೂ ಜಗಳ. ಕೊನೆಗೆ ಉಳಿದದ್ದು ಎರಡೇ ಮಾತು: "ಸೂಪರ್ ಆಗಿದೆ" ಮತ್ತು "ಹಳೇದೇ ಚೆನ್ನಾಗಿತ್ತು". ಇವೆರಡರಿಂದ ಒಂದು ಬೆಂಚನ್ನೂ ಅಲ್ಲಾಡಿಸಲು ಆಗುವುದಿಲ್ಲ.

2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿ ತರಬಾರದು ಅನ್ನುವ ಮಾತು ಬಂದಾಗ ಊರೇ ಎದ್ದು ಮಾತಾಡಿತು. ಪೇಟೆಯ ಮೂರು ಎಕರೆಗೆ ಆ ಭಾಗ್ಯ ಇಲ್ಲ. ಇಲ್ಲಿ ಇಷ್ಟವಾಗದವರು ಅರ್ಜಿ ಬರೆಯುವುದಿಲ್ಲ, ಸುಮ್ನೆ ಬರುವುದನ್ನು ಬಿಡುತ್ತಾರೆ. ಬಿಟ್ಟವರನ್ನು ಯಾವ ಫಾರಂ ಹಿಡಿಯುತ್ತದೆ ಹೇಳಿ.

ನನ್ನ ದಾರಿ ಹಳೆಯದೇ. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನಗರದ ಬದುಕನ್ನು ಅಧ್ಯಯನ ಮಾಡುತ್ತಿದ್ದ ವಿಲಿಯಂ ವೈಟ್ ಕ್ಯಾಮೆರಾ ಇಟ್ಟುಕೊಂಡು, ಜನ ಎಲ್ಲಿ ಕೂರುತ್ತಾರೆ ಅಂತ ನೋಡುತ್ತಾ ಕೂತಿದ್ದರು. ಅಲ್ಲಿನ ಬ್ರಯಂಟ್ ಪಾರ್ಕ್ ಆಗ ಡ್ರಗ್ಸ್ ಮಾರುವವರ ಜಾಗ ಆಗಿತ್ತು. ರಸ್ತೆಗಿಂತ ಎತ್ತರ, ಸುತ್ತ ಬೇಲಿಗಿಡ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ, ಒಳಹೋದವರಿಗೆ ಹೊರಬರುವ ದಾರಿ ಕಡಿಮೆ. ಅದನ್ನು ಅವರು ತೋರಿಸಿಕೊಟ್ಟರು. 1988ರಲ್ಲಿ ಮುಚ್ಚಿ 1992ರಲ್ಲಿ ತೆರೆದಾಗ ದಾರಿಗಳು ಹೆಚ್ಚಿದ್ದವು, ಎತ್ತಿ ಒಯ್ಯಬಹುದಾದ ಕುರ್ಚಿಗಳೂ ಬಂದಿದ್ದವು. ಹೆಂಗಸರ ಸಂಖ್ಯೆ ಕಡಿಮೆಯಾದರೆ ಆ ಜಾಗದಲ್ಲಿ ಏನೋ ಸರಿ ಇಲ್ಲ ಅನ್ನುವ ಅವರ ಮಾತನ್ನು ನಾನು ಪ್ರತಿ ಕೆಲಸದಲ್ಲೂ ಬಳಸುತ್ತೇನೆ.

ನಾವು ಕ್ಯಾಮೆರಾ ಇಡಲಿಲ್ಲ. ನಮ್ಮಲ್ಲಿ ಕ್ಯಾಮೆರಾ ಕಂಡರೆ ಜೋಡಿಗಳು ಎದ್ದು ಹೋಗುತ್ತವೆ. ಎ3 ಹಾಳೆಯ ಮೇಲೆ ಪಾರ್ಕಿನ ನಕ್ಷೆ, ಪೆನ್ಸಿಲ್, ರಟ್ಟು. ಗಂಟೆಗೊಂದು ಸುತ್ತು. ಕೂತವರಿಗೆ ಒಂದು ಗುರುತು, ನಿಂತವರಿಗೆ ಒಂದು, ಮಲಗಿದವರಿಗೆ ಒಂದು. ಗಂಡಸೋ ಹೆಂಗಸೋ, ಒಬ್ಬರೋ ಗುಂಪೋ. ಅಷ್ಟೇ. ಇದನ್ನು ನೋಡಿದ ಒಬ್ಬ ಎಂಜಿನಿಯರ್, "ಏನ್ ಸಾರ್, ಮರದ ಕೆಳಗೆ ಕೂತು ಜನರನ್ನು ನೋಡೋದಕ್ಕೂ ಬಿಲ್ ಹಾಕ್ತೀರಾ?" ಅಂತ ನಕ್ಕಿದ್ದರು.

ನಮಗೆ ಅನುಕೂಲವಾದದ್ದು ಹೊತ್ತು. ಮೊದಲೆಲ್ಲ ಪಾಲಿಕೆಯ ಪಾರ್ಕುಗಳು ಮಧ್ಯಾಹ್ನ ಮುಚ್ಚಿರುತ್ತಿದ್ದವು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿದರು. ಮಧ್ಯಾಹ್ನದವರು ಬೇರೆಯೇ ಜನ. ಡೆಲಿವರಿ ಹುಡುಗರು, ಅಂಗಡಿ ಕೆಲಸದವರು, ಮೂಟೆ ಹೊರುವವರು, ಡಬ್ಬಿ ಬಿಚ್ಚಲು ಜಾಗ ಹುಡುಕುವ ಸೇಲ್ಸ್ ಹೆಣ್ಣುಮಕ್ಕಳು. ಡಿಸೈನ್ ಮಾಡುವಾಗ ಇವರು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಳೆ ತುಂಬುತ್ತಾ ಹೋದಂತೆ ಚಿತ್ರ ಬಿಡಿಸಿಕೊಂಡಿತು. ಹನ್ನೊಂದರಿಂದ ನಾಲ್ಕರವರೆಗೆ ಗ್ರಾನೈಟ್ ಬೆಂಚು ಪೂರ್ತಿ ಖಾಲಿ. ಮಳೆಮರದ ಸುತ್ತಲಿನ ಹಳೆಯ ಕಟ್ಟೆ ಮಾತ್ರ ಭರ್ತಿ. ಅದನ್ನು ಒಡೆಯಬೇಕು ಅಂತ ಡ್ರಾಯಿಂಗ್‌ನಲ್ಲಿತ್ತಂತೆ, ದುಡ್ಡು ಸಾಲದೆ ಉಳಿದಿತ್ತು. ಕೊರೊನಾ ಕಾಲದ ಗನ್ ಥರ್ಮಾಮೀಟರ್ ಮೈ ಜ್ವರ ನೋಡಲೆಂದು ಮಾಡಿದ್ದು, ಬೆಂಚಿನ ಬಿಸಿಗೆ ಅದನ್ನು ನಂಬುವಂತಿಲ್ಲ. 1,200 ಕೊಟ್ಟು ಕಾರ್ಖಾನೆಯವರು ಬಳಸುವಂಥದ್ದು ತಂದೆ. ಏಪ್ರಿಲ್ ಬಿಸಿಲಿನಲ್ಲಿ ಬೆಂಚು 50 ಡಿಗ್ರಿ ಆಸುಪಾಸು, ಕಟ್ಟೆ 30 ಚಿಲ್ಲರೆ. ಇಷ್ಟು ಸಾಕಾಗಿತ್ತು, ಎಂಜಿನಿಯರ್ ನಗುವುದು ನಿಂತಿತು.

ಹೆಂಗಸರ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ಬೆಳಿಗ್ಗೆ ನೂರಕ್ಕೆ ನಲವತ್ತು, ಮಧ್ಯಾಹ್ನ ಹದಿನೈದೂ ಇಲ್ಲ. ಗಜೀಬೊದಲ್ಲಿ ಇಸ್ಪೀಟು ಆಡುವವರೇ ಇದಕ್ಕೆ ಕಾರಣ ಅಂತ ನಾವು ಅಂದುಕೊಂಡಿದ್ದೆವು. ನಿಜ ಗೊತ್ತಿದ್ದದ್ದು ಗೇಟಿನ ಪಕ್ಕ ಹೂ ಮಾರುವ ಅಮ್ಮನಿಗೆ. "ಒಳಗೋಗ್ತಾರೆ ಅಣ್ಣ, ಹಂಗೇ ವಾಪಸ್ ಬತ್ತಾರೆ. ಟಾಯ್ಲೆಟ್‌ಗೆ ಬೀಗ. ಕೀಲಿ ವಾಚ್‌ಮನ್ ಹತ್ರ. ಅವ್ನತ್ರ ಹೋಗಿ ಯಾರ್ ಕೇಳ್ತಾರೆ?" ಮಾರನೇ ದಿನದಿಂದ ಆಕೆಗೆ ದಿನಕ್ಕೆ 300 ಕೊಟ್ಟು ಲೆಕ್ಕ ಹಾಕಿಸಿದೆ. ಒಳಹೋಗಿ ಕೂರದೆ ಬಂದವರಿಗೆ ಒಂದೊಂದು ಕಲ್ಲು ಡಬ್ಬಿಗೆ. ಟ್ಯಾಬ್ ಹಿಡಿದ ಯಾವ ಹುಡುಗನೂ ಇಷ್ಟು ಸರಿಯಾಗಿ ಎಣಿಸಿರಲಿಲ್ಲ.

ಮಧ್ಯೆ ಒಂದೆರಡು ಹುಚ್ಚು ಪ್ರಯೋಗ. ಬೀಗದ ಗೇಟಿನ ಹತ್ತಿರ ಜನ ಎಷ್ಟು ಓಡಾಡುತ್ತಾರೆ ಅಂತ ತಿಳಿಯಲು ರಾತ್ರಿ ರಂಗೋಲಿ ಪುಡಿ ಉದುರಿಸಿದೆವು. ಬೆಳಿಗ್ಗೆ ನೋಡಿದರೆ ಬರೀ ನಾಯಿ ಹೆಜ್ಜೆ. ಅದನ್ನೂ ಪೌರಕಾರ್ಮಿಕರು ಗುಡಿಸಿದರು, ಬೈದರು ಕೂಡ. ಆದರೆ ಅಲ್ಲೇ ಗ್ರಿಲ್‌ಗೆ ಒರಗಿಸಿದ್ದ ಟೊಮ್ಯಾಟೊ ಕ್ರೇಟ್ ಕಣ್ಣಿಗೆ ಬಿತ್ತು. ಒಳಗೊಂದು, ಹೊರಗೊಂದು. ಹತ್ತಿ ಇಳಿಯಲು ಮೆಟ್ಟಿಲು! ಆ ಫೋಟೊ ಒಂದೇ ಗೇಟು ತೆರೆಸಿತು.

ಇನ್ನೊಂದು ಕುರ್ಚಿಯದು. ಶಾಮಿಯಾನದ ಅಂಗಡಿಯಿಂದ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದಕ್ಕೆ ದಿನಕ್ಕೆ 8 ರೂಪಾಯಿ. ಸಂಜೆಯೊಳಗೆ ಒಂದೂ ಉಳಿಯಲ್ಲ ಅಂತ ಎಲ್ಲರೂ ಬೆಟ್ ಕಟ್ಟಿದರು. ಎರಡು ವಾರದಲ್ಲಿ ಹೋದದ್ದು ನಾಲ್ಕೋ ಐದೋ, ಅದರಲ್ಲಿ ಒಂದು ಎದುರಿನ ಟೀ ಅಂಗಡಿಯಲ್ಲೇ ಸಿಕ್ಕಿತು. ಜನ ಕುರ್ಚಿಯನ್ನು ನೆರಳಿನ ಹಿಂದೆ ಹಿಂದೆ ಎಳೆದುಕೊಂಡು ಹೋದರು. ಸಂಜೆ ಕುರ್ಚಿ ಎಲ್ಲಿ ನಿಂತಿತ್ತೋ ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿಸಿದೆ. ಈಗಿನ ಬೆಂಚುಗಳು ಹೆಚ್ಚುಕಡಿಮೆ ಆ ಗುರುತಿನ ಮೇಲೇ ಇವೆ.

ಕೇಳುವುದನ್ನು ಪೂರ್ತಿ ಬಿಟ್ಟೆ ಅಂತಲ್ಲ. ಕೂತವರನ್ನು ಮಾತ್ರ ಕೇಳುತ್ತೇನೆ, ಅದೂ ಕೂತು ಹತ್ತು ನಿಮಿಷ ಆದ ಮೇಲೆ. ಮೊದಲ ಪ್ರಶ್ನೆ, "ಇಲ್ಲೇ ಯಾಕೆ ಕೂತ್ರಿ?" ಎರಡನೆಯದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ. ಮೂರನೆಯದು ಇಲ್ಲ. ಹಾಳೆಯಲ್ಲಿ ಮಲಗಿದವರನ್ನು ಎರಡು ಬಗೆಯಾಗಿ ಗುರುತು ಮಾಡುವ ಕ್ರಮವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಎಣಿಕೆ, ಕುರ್ಚಿ, ಹೂವಿನ ಅಮ್ಮ ಎಲ್ಲ ಸೇರಿ 35 ಸಾವಿರ ದಾಟಿಲ್ಲ. ಬೆಂಚು ಸಾಗಿಸಿದ್ದು, ಮಲಗಬಾರದು ಅಂತ ಬೆಂಚಿನ ಮಧ್ಯೆ ಹಾಕಿದ್ದ ಕಂಬಿ ವೆಲ್ಡರ್ ಕೈಲಿ ಕೊಯ್ಯಿಸಿದ್ದು ಕೆಲಸ ಕೊಟ್ಟವರ ಖರ್ಚು. ಟಾಯ್ಲೆಟ್‌ಗೆ ಈಗ ಒಬ್ಬ ಹೆಂಗಸನ್ನು ಇಟ್ಟಿದ್ದಾರೆ. ಕಳೆದ ಎಣಿಕೆಯಲ್ಲಿ ಮಧ್ಯಾಹ್ನದ ಹೆಂಗಸರು ನೂರಕ್ಕೆ ಮೂವತ್ತರ ಮೇಲಿದ್ದರು. ಕಾರಂಜಿ ಕೆಟ್ಟು ನಿಂತಿದೆ, ಅದರ ಬಗ್ಗೆ ಈವರೆಗೆ ಒಬ್ಬರೂ ದೂರು ಕೊಟ್ಟಿಲ್ಲ. ನನ್ನ ಬಿಲ್‌ನಲ್ಲಿ ಕಾಲು ಭಾಗ ಇನ್ನೂ ಬಾಕಿ.

ಮಳೆಗಾಲದ ಎಣಿಕೆಗೆ ದುಡ್ಡಿಲ್ಲ ಅಂದಿದ್ದಾರೆ. ಟೈಲ್ಸ್ ಮೇಲೆ ಪಾಚಿ ಕಟ್ಟಿದರೆ ವಾಕಿಂಗ್‌ನವರು ಅಂಚಿನ ಮಣ್ಣಿಗೆ ಇಳಿಯುತ್ತಾರೆ ಅಂತ ನನ್ನ ಲೆಕ್ಕ. ದುಡ್ಡು ಬರಲಿ ಬಿಡಲಿ, ಜೂನ್‌ನಲ್ಲಿ ಛತ್ರಿ ಹಿಡಿದು ಎಣಿಸುವವನೇ.