ಪವರ್ ಬ್ಯಾಂಕಿನಿಂದ ಪ್ರೊಜೆಕ್ಟರ್ ನಡೆಸುವುದು ಹೇಗೆ?

ಪವರ್ ಬ್ಯಾಂಕ್ ಪೂರ್ತಿ ಚಾರ್ಜ್ ಆಗಿದೆ, ಯುಎಸ್‌ಬಿ-ಸಿ ಕೇಬಲ್ ಎರಡೂ ತುದಿಗಳಲ್ಲಿ ಸರಿಯಾಗಿ ಕೂತಿದೆ. ಆದರೂ ಗುಂಡಿ ಒತ್ತಿದಾಗ ಪ್ರೊಜೆಕ್ಟರಿನ ಫ್ಯಾನ್ ಒಂದೆರಡು ಸುತ್ತು ತಿರುಗಿ, ಗೋಡೆಯ ಮೇಲೆ ಲಾಂಛನ ಮೂಡಿ, ಮರುಗಳಿಗೆಯಲ್ಲೇ ಎಲ್ಲವೂ ಆರಿಹೋಗುತ್ತದೆ. ಇಂಥ ಹೊತ್ತಿನಲ್ಲಿ ಪ್ರೊಜೆಕ್ಟರ್ ಕೆಟ್ಟಿದೆ ಎಂದು ಭಾವಿಸುವುದು ಸಹಜ. ಆದರೆ ಅನೇಕ ಸಲ ಯಾವುದೂ ಕೆಟ್ಟಿರುವುದಿಲ್ಲ. ಪ್ರೊಜೆಕ್ಟರಿಗೆ ಬೇಕಾದ ವೋಲ್ಟೇಜ್ ಮತ್ತು ವ್ಯಾಟ್ ಪವರ್ ಬ್ಯಾಂಕಿನಲ್ಲಿ ಇರುವುದಿಲ್ಲ, ಇದ್ದರೂ ನಡುವಿನ ಕೇಬಲ್ಲಿಗೆ ಅಷ್ಟನ್ನು ಸಾಗಿಸುವ ಶಕ್ತಿ ಇರುವುದಿಲ್ಲ. ಈ ಮೂರನ್ನೂ ಮೊದಲೇ ಹೊಂದಿಸಿಕೊಂಡರೆ ಗೋಡೆಯ ಪ್ಲಗ್ ಇಲ್ಲದ ಕಡೆಯೂ ಒಂದು ಸಿನಿಮಾ ನೆಮ್ಮದಿಯಾಗಿ ಮುಗಿಯುತ್ತದೆ.

ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ

ಮೊದಲ ಕೆಲಸ, ಪ್ರೊಜೆಕ್ಟರ್ ಜೊತೆಗೆ ಬಂದ ಅಡಾಪ್ಟರನ್ನು ಕೈಗೆತ್ತಿಕೊಳ್ಳುವುದು. ಅದರ ಬೆನ್ನಿನ ಮೇಲೆ ಬೂದುಬಣ್ಣದ ಅತಿ ಸಣ್ಣ ಅಕ್ಷರಗಳಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ಎಂಬ ಎರಡು ಸಾಲುಗಳಿರುತ್ತವೆ. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದಬಹುದು. ನಮಗೆ ಬೇಕಾದದ್ದು ಔಟ್‌ಪುಟ್ ಸಾಲು. ಅಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 15 ವೋಲ್ಟ್ 3 ಆಂಪಿಯರ್, 20 ವೋಲ್ಟ್ 2.25 ಆಂಪಿಯರ್ ಎಂದು ಇದ್ದರೆ, ಕೊನೆಯ ಜೋಡಿಯನ್ನು ಗುಣಿಸಿ: 20ನ್ನು 2.25ರಿಂದ ಗುಣಿಸಿದರೆ 45 ವ್ಯಾಟ್. ನಿಮ್ಮ ಪವರ್ ಬ್ಯಾಂಕ್ ಕೂಡ ಇದೇ 20 ವೋಲ್ಟಿನಲ್ಲಿ ಕನಿಷ್ಠ ಇಷ್ಟು ವ್ಯಾಟ್ ಕೊಡುವಂತಿರಬೇಕು. ಹೆಚ್ಚು ಕೊಡಬಲ್ಲದ್ದಾದರೆ ಹಾನಿಯಿಲ್ಲ, ಏಕೆಂದರೆ ಪ್ರೊಜೆಕ್ಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಹಾಗೆಯೇ ಪ್ರೊಜೆಕ್ಟರಿನ ಪೋರ್ಟನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ಯುಎಸ್‌ಬಿ-ಸಿ ಆಕಾರದ ಪೋರ್ಟ್ ಇದ್ದ ಮಾತ್ರಕ್ಕೆ ಅದು ವಿದ್ಯುತ್ ಒಳಗೆ ತೆಗೆದುಕೊಳ್ಳುತ್ತದೆ ಎಂದಲ್ಲ. ಕೆಲವು ಮಾದರಿಗಳಲ್ಲಿ ಅದು ಕೇವಲ ಚಿತ್ರ ಅಥವಾ ಕಡತ ಸಾಗಿಸಲು ಇರುತ್ತದೆ. ಪಕ್ಕದಲ್ಲಿರುವ ಅಗಲವಾದ ಹಳೆಯ ಯುಎಸ್‌ಬಿ ಪೋರ್ಟ್ ಇರುವುದು ಪೆನ್ ಡ್ರೈವ್ ಸಿಕ್ಕಿಸಲು, ಪ್ರೊಜೆಕ್ಟರನ್ನು ಚಾರ್ಜ್ ಮಾಡಲು ಅಲ್ಲ.

ವಿದ್ಯುತ್ತಿಗೂ ಮುಂಚೆ ನಡೆಯುವ ಮಾತುಕತೆ

ಯುಎಸ್‌ಬಿ-ಸಿ ಕೇಬಲ್ ಸಿಕ್ಕಿಸಿದ ಕೂಡಲೇ ಹರಿಯುವುದು ಬರೀ 5 ವೋಲ್ಟ್. ಅದಾದ ಬಳಿಕ, ಕೇಬಲ್ಲಿನೊಳಗೆ ಇದಕ್ಕೆಂದೇ ಇರುವ ತಂತಿಯ ಮೂಲಕ ಎರಡೂ ಸಾಧನಗಳು ಮಾತನಾಡಿಕೊಳ್ಳುತ್ತವೆ. ಪವರ್ ಬ್ಯಾಂಕ್ ತಾನು ಯಾವ ಯಾವ ವೋಲ್ಟೇಜಿನಲ್ಲಿ ಎಷ್ಟು ಆಂಪಿಯರ್ ಕೊಡಬಲ್ಲೆ ಎಂಬ ಪಟ್ಟಿಯನ್ನು ಮುಂದಿಡುತ್ತದೆ, ಪ್ರೊಜೆಕ್ಟರ್ ಅದರಲ್ಲೊಂದನ್ನು ಆರಿಸಿ ಕೇಳುತ್ತದೆ, ಒಪ್ಪಂದವಾದ ಮೇಲಷ್ಟೇ ವೋಲ್ಟೇಜ್ ಏರುತ್ತದೆ. ಈ ವ್ಯವಸ್ಥೆಯ ಹೆಸರು ಪವರ್ ಡೆಲಿವರಿ, ಸಂಕ್ಷಿಪ್ತವಾಗಿ ಪಿಡಿ. ಪಟ್ಟಿಯಲ್ಲಿ ತನಗೆ ಬೇಕಾದದ್ದು ಸಿಗದಿದ್ದರೆ ಪ್ರೊಜೆಕ್ಟರ್ ಕೆಳಗಿನ ವೋಲ್ಟೇಜಿನಲ್ಲೇ ಉಳಿದು ಬಹಳ ನಿಧಾನವಾಗಿ ಚಾರ್ಜ್ ಆಗುತ್ತದೆ, ಅಥವಾ ಏಳುವುದೇ ಇಲ್ಲ. ಉದಾಹರಣೆಗೆ, ಒಳಗೆ ಬ್ಯಾಟರಿಯೇ ಇಲ್ಲದ ಸ್ಯಾಮ್‌ಸಂಗ್ ಫ್ರೀಸ್ಟೈಲ್ ಪ್ರೊಜೆಕ್ಟರಿಗೆ ಪಿಡಿ ವ್ಯವಸ್ಥೆಯಲ್ಲಿ 20 ವೋಲ್ಟ್ ಮತ್ತು 50 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಕೊಡುವ ಪವರ್ ಬ್ಯಾಂಕ್ ಬೇಕು. 45 ವ್ಯಾಟಿನದು ಅದಕ್ಕೆ ಸಾಲದು.

ಪವರ್ ಬ್ಯಾಂಕ್ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 65 ವ್ಯಾಟ್ ಎಂದು ಬರೆದದ್ದು ಎಲ್ಲ ಪೋರ್ಟುಗಳ ಒಟ್ಟು ಮೊತ್ತವಾಗಿರಬಹುದು. ಒಂದೇ ಸಿ ಪೋರ್ಟಿನಿಂದ ಎಷ್ಟು ಬರುತ್ತದೆ ಎಂಬುದು ಪವರ್ ಬ್ಯಾಂಕಿನ ಮೈಮೇಲೆ ಪ್ರತ್ಯೇಕವಾಗಿ ನಮೂದಾಗಿರುತ್ತದೆ. ಕೆಲವು ಹಳೆಯ ಪವರ್ ಬ್ಯಾಂಕುಗಳ ಸಿ ಪೋರ್ಟ್ ತನ್ನನ್ನು ತಾನು ಚಾರ್ಜ್ ಮಾಡಿಕೊಳ್ಳಲು ಮಾತ್ರ ಇರುತ್ತದೆ, ಅದರಿಂದ ಏನೂ ಹೊರಬರುವುದಿಲ್ಲ.

ಇನ್ನು ಕೇಬಲ್. ಎರಡೂ ತುದಿಗಳಲ್ಲಿ ಸಿ ಇರುವುದೇ ಬೇಕು. ಒಂದು ಕಡೆ ಅಗಲ ತುದಿಯಿರುವ ಕೇಬಲ್ಲಿನಲ್ಲಿ ಪಿಡಿ ಮಾತುಕತೆ ನಡೆಯುವುದಿಲ್ಲ. ಸಾಧಾರಣ ಸಿ ಕೇಬಲ್ 3 ಆಂಪಿಯರ್‌ವರೆಗೆ, ಎಂದರೆ 20 ವೋಲ್ಟಿನಲ್ಲಿ 60 ವ್ಯಾಟ್‌ವರೆಗೆ ಸಾಗಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ತನ್ನ ಸಾಮರ್ಥ್ಯವನ್ನು ತಾನೇ ತಿಳಿಸುವ ಚಿಪ್ ಇರುವ 5 ಆಂಪಿಯರ್ ಕೇಬಲ್ ತೆಗೆದುಕೊಳ್ಳಬೇಕು. ಉದ್ದ ಒಂದು ಮೀಟರ್ ಸಾಕು.

ಎಷ್ಟು ಹೊತ್ತು ಬರುತ್ತದೆ?

20,000 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಎಂದರೆ 20 ಆಂಪಿಯರ್-ಗಂಟೆ) ಎಂಬ ಅಂಕಿಯಿಂದ ನೇರವಾಗಿ ಹೊತ್ತು ತಿಳಿಯುವುದಿಲ್ಲ. ಆ ಅಂಕಿ ಒಳಗಿನ ಸೆಲ್ಲುಗಳ ಸುಮಾರು 3.7 ವೋಲ್ಟಿಗೆ ಸಂಬಂಧಿಸಿದ್ದು. 20 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದರೆ 74 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಪೋಲಾಗುವುದರಿಂದ ಸುಮಾರು 60 ವ್ಯಾಟ್-ಗಂಟೆ ಕೈಗೆ ಸಿಗುತ್ತದೆ ಎಂದು ಲೆಕ್ಕ ಹಿಡಿಯಿರಿ. ಪ್ರೊಜೆಕ್ಟರ್ 30 ವ್ಯಾಟ್ ಉಣ್ಣುತ್ತಿದ್ದರೆ ಎರಡು ಗಂಟೆ. 45 ವ್ಯಾಟ್ ಉಣ್ಣುತ್ತಿದ್ದರೆ ಒಂದು ಗಂಟೆ ಇಪ್ಪತ್ತು ನಿಮಿಷ. ಸಿನಿಮಾದ ಕೊನೆಯ ಅರ್ಧ ತಾಸು ಕೈಕೊಡುವುದು ಈ ಲೆಕ್ಕವನ್ನು ಬಿಟ್ಟಾಗಲೇ.

ಒಳಗೆ ಬ್ಯಾಟರಿ ಇರುವ ಪ್ರೊಜೆಕ್ಟರಾದರೆ ಇನ್ನೊಂದು ಸಂಗತಿ ಸೇರುತ್ತದೆ. ಆ ಬ್ಯಾಟರಿ ಬರಿದಾಗಿದ್ದರೆ ದೀಪ ಉರಿಸುವುದಕ್ಕೂ ಬ್ಯಾಟರಿ ತುಂಬುವುದಕ್ಕೂ ಒಂದೇ ಪವರ್ ಬ್ಯಾಂಕ್ ದುಡಿಯಬೇಕಾಗುತ್ತದೆ, ಎರಡಕ್ಕೂ ಸಾಲದೆ ಹೋಗುತ್ತದೆ. ಆದ್ದರಿಂದ ಪ್ರೊಜೆಕ್ಟರನ್ನು ಹಿಂದಿನ ದಿನವೇ ಆರಿಸಿಟ್ಟು ಗೋಡೆಯ ಪ್ಲಗ್‌ನಿಂದ ಪೂರ್ತಿ ಚಾರ್ಜ್ ಮಾಡಿ. ಹೊಳಪನ್ನು ಒಂದು ಮೆಟ್ಟಿಲು ಇಳಿಸಿದರೂ ಹೊತ್ತು ಚೆನ್ನಾಗಿ ಉಳಿಯುತ್ತದೆ. ಕತ್ತಲು ಗಾಢವಾಗಿದ್ದರೆ ಇಳಿಸಿದ್ದು ಕಣ್ಣಿಗೆ ಗೊತ್ತೂ ಆಗುವುದಿಲ್ಲ.

ಜೋಡಿಸುವ ಕ್ರಮ

ಪ್ರೊಜೆಕ್ಟರ್ ಆರಿರುವಾಗಲೇ ಕೇಬಲ್ಲನ್ನು ಪವರ್ ಬ್ಯಾಂಕಿನ ಅತಿ ಹೆಚ್ಚು ವ್ಯಾಟಿನ ಸಿ ಪೋರ್ಟಿಗೆ ಸಿಕ್ಕಿಸಿ, ಬಳಿಕ ಪ್ರೊಜೆಕ್ಟರಿಗೆ ಸೇರಿಸಿ. ಚಾರ್ಜಿಂಗ್ ಸೂಚಕ ಬರುವ ತನಕ ಕೆಲವು ಸೆಕೆಂಡು ಕಾಯಿರಿ. ಪವರ್ ಬ್ಯಾಂಕಿಗೆ ಪರದೆ ಇದ್ದರೆ ಅದರಲ್ಲಿ ವೋಲ್ಟ್ ಎಷ್ಟಾಗಿದೆ ನೋಡಿ: 20 ಬರಬೇಕಾದಲ್ಲಿ 5 ಎಂದೇ ನಿಂತಿದ್ದರೆ ಮೊದಲು ಕೇಬಲ್ ಬದಲಿಸಿ. ಎಲ್ಲವೂ ಸರಿಯಿದ್ದರೆ ಪ್ರೊಜೆಕ್ಟರ್ ಚಾಲೂ ಮಾಡಿ, ಹೊಳಪನ್ನೂ ಧ್ವನಿಯನ್ನೂ ಪೂರ್ತಿ ಏರಿಸಿ ಕಾಲು ಗಂಟೆ ಓಡಿಸಿ ನೋಡಿ. ಜನ ಬಂದು ಕೂರುವ ಮೊದಲು ಈ ಪರೀಕ್ಷೆ ಆಗಲೇಬೇಕು.

ಉಳಿದ ಪೋರ್ಟುಗಳನ್ನು ಖಾಲಿ ಬಿಡಿ. ಒಮ್ಮೆ ನಾನು ಮಕ್ಕಳಿಗಾಗಿ ಬಯಲಿನಲ್ಲಿ ಸಿನಿಮಾ ಹಾಕಿದ್ದಾಗ, ಕತ್ತಲಲ್ಲಿ ಯಾರೋ ತಮ್ಮ ಮೊಬೈಲನ್ನು ಅದೇ ಪವರ್ ಬ್ಯಾಂಕಿಗೆ ಸಿಕ್ಕಿಸಿದರು. ಎರಡನೆಯ ಸಾಧನ ಬಂದ ಕೂಡಲೇ ಪವರ್ ಬ್ಯಾಂಕ್ ವ್ಯಾಟುಗಳನ್ನು ಮರುಹಂಚಿಕೆ ಮಾಡಲು ಒಂದು ಕ್ಷಣ ಹರಿವನ್ನು ನಿಲ್ಲಿಸಿತು. ಒಳಬ್ಯಾಟರಿ ಇಲ್ಲದ ನನ್ನ ಪ್ರೊಜೆಕ್ಟರಿಗೆ ಆ ಒಂದು ಕ್ಷಣವೇ ಸಾಕಾಯಿತು. ಪರದೆ ಕಪ್ಪಾಗಿ ಮಕ್ಕಳೆಲ್ಲ ಹೋ ಎಂದರು. ಅಂದಿನಿಂದ ಉಳಿದ ಪೋರ್ಟುಗಳ ಮೇಲೆ ಟೇಪು ಅಂಟಿಸಿಯೇ ಕೂರುತ್ತೇನೆ.

ದುಂಡು ಪಿನ್ನಿನ ಪ್ರೊಜೆಕ್ಟರಾದರೆ

ಸಿ ಪೋರ್ಟ್ ಇಲ್ಲದ, ದುಂಡು ಪಿನ್ನಿನ ಅಡಾಪ್ಟರಿನಿಂದ ನಡೆಯುವ ಪ್ರೊಜೆಕ್ಟರುಗಳಿಗಾಗಿ ಟ್ರಿಗರ್ ಕೇಬಲ್ ಎಂಬುದು ಸಿಗುತ್ತದೆ. ಅದು ಪ್ರೊಜೆಕ್ಟರಿನ ಪರವಾಗಿ ಪಿಡಿಯೊಡನೆ ಮಾತನಾಡಿ ಒಂದು ನಿಗದಿತ ವೋಲ್ಟೇಜನ್ನು ಪಡೆದುಕೊಡುತ್ತದೆ. ಪಿಡಿಯ ಮಾಮೂಲು ಮೆಟ್ಟಿಲುಗಳು 5, 9, 15 ಮತ್ತು 20 ವೋಲ್ಟ್. 12 ವೋಲ್ಟ್ ಕೊಡುವುದು ಕಡ್ಡಾಯವಲ್ಲದ ಕಾರಣ ಎಷ್ಟೋ ಪವರ್ ಬ್ಯಾಂಕುಗಳಲ್ಲಿ ಅದು ಇರುವುದೇ ಇಲ್ಲ. ಪಿನ್ನಿನ ಅಳತೆ, ಒಳಭಾಗ ಧನವೋ ಋಣವೋ ಎಂಬ ಗುರುತು, ವೋಲ್ಟೇಜ್ ಈ ಮೂರೂ ಅಡಾಪ್ಟರಿನ ಬರಹಕ್ಕೆ ಸರಿಹೊಂದಿದರೆ ಮಾತ್ರ ಈ ದಾರಿ ಹಿಡಿಯಿರಿ. 19 ವೋಲ್ಟಿನ ಪ್ರೊಜೆಕ್ಟರಿಗೆ 20 ವೋಲ್ಟ್ ಹಾಯಿಸಿ ನೋಡುವ ಪ್ರಯೋಗವನ್ನು ತಯಾರಕರ ಅನುಮತಿಯಿಲ್ಲದೆ ನಾನಂತೂ ಯಾರಿಗೂ ಹೇಳುವುದಿಲ್ಲ.

ಪವರ್ ಬ್ಯಾಂಕನ್ನು ಪ್ರೊಜೆಕ್ಟರಿನ ಬಿಸಿಗಾಳಿ ಬರುವ ಬದಿಯಲ್ಲಿ ಇಡಬೇಡಿ, ಹಾಸಿಗೆ ದಿಂಬುಗಳ ನಡುವೆಯೂ ಬೇಡ. ಗಾಳಿಯಾಡುವ ಗಟ್ಟಿ ನೆಲವೇ ಸರಿ. ಉಬ್ಬಿದ ಪವರ್ ಬ್ಯಾಂಕನ್ನು ಮತ್ತೆ ಬಳಸಕೂಡದು. ವಿಮಾನದಲ್ಲಿ ಒಯ್ಯುವುದಾದರೆ ಅದು ಕೈಚೀಲದಲ್ಲೇ ಇರಬೇಕು, ಮತ್ತು 100 ವ್ಯಾಟ್-ಗಂಟೆ ಮೀರಿದ್ದಕ್ಕೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು. 27,000 ಎಂಎಎಚ್‌ನ ಪವರ್ ಬ್ಯಾಂಕ್ 99.9 ವ್ಯಾಟ್-ಗಂಟೆಯಾಗಿ ಈ ಗೆರೆಯ ಒಳಗೇ ನಿಲ್ಲುತ್ತದೆ. ಸಿನಿಮಾ ಮುಗಿದ ಮೇಲೆ ಮೊದಲು ಪ್ರೊಜೆಕ್ಟರ್ ಆರಿಸಿ, ಫ್ಯಾನ್ ನಿಂತದ್ದನ್ನು ಕಿವಿಯಾರೆ ಕೇಳಿ, ಅನಂತರ ಕೇಬಲ್ ತೆಗೆಯಿರಿ.