ರಗ್ಬಿಗೆ ಹೊಸದಾಗಿ ಬಂದವರಿಗೆ: ಊರು ಸೇಫಾ?

ಹೊಸದಾಗಿ ಬಂದ ಪ್ರತಿ ಮನೆಯವರೂ ಇಲ್ಲಿನ ನಮ್ಮ ಕನ್ನಡ ಬಳಗದವರನ್ನು ಮೊದಲು ಕೇಳುವುದು ಇದನ್ನೇ. ತೊಗರಿಬೇಳೆ ಎಲ್ಲಿ ಸಿಗುತ್ತೆ, ಶಾಲೆ ಹೇಗಿದೆ ಅನ್ನುವುದೆಲ್ಲ ಆಮೇಲೆ. ಕೆಲವರು ವೀಸಾ ಕೈಗೆ ಬರುವ ಮೊದಲೇ, ಬೆಂಗಳೂರಲ್ಲಿ ಕೂತೇ ಕೇಳಿರುತ್ತಾರೆ. ಊರಿಂದ ಅಪ್ಪ ಅಮ್ಮ ದಿನಾ ಫೋನ್ ಮಾಡಿ "ಅಲ್ಲಿ ಚಾಕು ಹಾಕ್ತಾರಂತಲ್ಲ" ಅಂತಿರುತ್ತಾರೆ. ಟಿವಿಯಲ್ಲಿ ಲಂಡನ್ ಸುದ್ದಿ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ನೀವು ಬಂದಿರುವುದು ಇಂಗ್ಲೆಂಡಿನ ವಾರಿಕ್‌ಶೈರ್‌ನ ರಗ್ಬಿಗೆ. 2021ರ ಜನಗಣತಿ ಪ್ರಕಾರ ಇಲ್ಲಿನ ಜನ ಸುಮಾರು 78,000. ಹೆಚ್ಚುಕಡಿಮೆ ನಮ್ಮ ಶಿರಸಿಯಷ್ಟೇ ಊರು.

ಊರು ಸೇಫೇ. ಮಕ್ಕಳನ್ನು ನಡೆಸಿಕೊಂಡು ಹೋಗಬಹುದು, ಸಂಜೆ ವಾಕಿಂಗ್ ಮಾಡಬಹುದು. ಆದರೆ ಇಷ್ಟು ವರ್ಷದಲ್ಲಿ ನಾವು ಕಂಡಿದ್ದು ಏನೆಂದರೆ, ನಮ್ಮವರು ಹೆದರುವುದು ಬೀದಿಗೆ. ತೊಂದರೆ ಬರುವುದು ಮನೆ ಬಾಗಿಲಿನಿಂದ, ಫೋನಿನಿಂದ.

ನಕ್ಷೆಯ ಮೇಲಿನ ಆ ಅಂಕಿಗಳು

ಹೋದ ಚಳಿಗಾಲದಲ್ಲಿ ಬಂದ ಒಬ್ಬ ತಾಯಿ ನಮ್ಮ ಸಂಕ್ರಾಂತಿ ಕೂಟದಲ್ಲಿ ಎಳ್ಳುಬೆಲ್ಲದ ತಟ್ಟೆ ಪಕ್ಕಕ್ಕಿಟ್ಟು ಫೋನ್ ತೋರಿಸಿದರು. ಪೊಲೀಸ್ ಡಾಟ್ ಯುಕೆ ಅನ್ನುವ ಸರ್ಕಾರಿ ವೆಬ್‌ಸೈಟು. 2011ರಿಂದ ಇದೆ. ಪೋಸ್ಟ್‌ಕೋಡ್ ಹಾಕಿದರೆ ಸುತ್ತಮುತ್ತ ಯಾವ ತಿಂಗಳು ಎಷ್ಟು ಅಪರಾಧ ಆಯಿತು ಅಂತ ನಕ್ಷೆಯಲ್ಲಿ ದುಂಡು ದುಂಡಾಗಿ ತೋರಿಸುತ್ತದೆ. "ನೋಡಿ, ನಮ್ಮ ಮನೆಯಿಂದ ಅರ್ಧ ಮೈಲಿಯಲ್ಲೇ ಇಷ್ಟು ದೊಡ್ಡ ಸಂಖ್ಯೆ. ಮಗಳನ್ನ ಸ್ಕೂಲಿಗೆ ಹೇಗೆ ಕರ್ಕೊಂಡು ಹೋಗ್ಲಿ?" ಅಂದರು. ಅವರ ಕೈ ನಡುಗುತ್ತಿತ್ತು.

ಅಲ್ಲೇ ಕೂತು ಒಂದೊಂದೇ ದುಂಡನ್ನು ಒತ್ತಿ ನೋಡಿದೆವು. ಆ ದೊಡ್ಡ ಸಂಖ್ಯೆಯಲ್ಲಿ ಮುಕ್ಕಾಲು ಪಾಲು ಅಂಗಡಿ ಕಳ್ಳತನ. ಅದು ಅವರು ವಾರವಾರ ತರಕಾರಿ ತರುವ ಜಾಗವೇ. ಅವರ ಸ್ವಂತ ರಸ್ತೆಯಲ್ಲಿ ಆ ತಿಂಗಳು ಇದ್ದಿದ್ದು ಒಂದು ಸೈಕಲ್ ಕಳ್ಳತನ.

ಈ ನಕ್ಷೆ ನೋಡುವಾಗ ಕೆಲವು ವಿಷಯ ಗೊತ್ತಿರಲಿ. ಅದರಲ್ಲಿರುವುದು ಇವತ್ತಿನ ಲೆಕ್ಕ ಅಲ್ಲ, ಒಂದೆರಡು ತಿಂಗಳು ಹಿಂದಿನದು. ಗುರುತು ಹಾಕಿದ ಜಾಗವೂ ನಿಖರ ಅಲ್ಲ. ನೊಂದವರ ಮನೆ ಯಾರಿಗೂ ಗೊತ್ತಾಗಬಾರದು ಅಂತ ಹತ್ತಿರದ ಕಾರ್ ಪಾರ್ಕಿಗೋ ಬೀದಿಯ ನಡುವಿಗೋ ಸರಿಸಿ ತೋರಿಸುತ್ತಾರೆ. "ಹಿಂಸೆ ಮತ್ತು ಲೈಂಗಿಕ ಅಪರಾಧ" ಅನ್ನುವ ಗುಂಪು ಇಂಗ್ಲೆಂಡಿನ ಬಹುತೇಕ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೆಸರು ನೋಡಿದರೆ ಎದೆ ಝಲ್ ಅನ್ನುತ್ತದೆ. ಅದರಲ್ಲಿ ಭೀಕರ ಪ್ರಕರಣಗಳೂ ಇರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಗಾಯವಾಗದ ತಳ್ಳಾಟ, ಪದೇ ಪದೇ ಕಿರುಕುಳ, ಬೆದರಿಕೆ ಮೆಸೇಜು ಕೂಡ ಅದೇ ಗುಂಪಿಗೆ ಸೇರುತ್ತವೆ. ಬಹಳಷ್ಟು ನಡೆಯುವುದು ಪರಿಚಯದವರ ನಡುವೆ, ನಾಲ್ಕು ಗೋಡೆಯೊಳಗೆ.

ಇನ್ನು "ಸಾವಿರ ಜನಕ್ಕೆ ಇಷ್ಟು" ಅನ್ನುವ ಲೆಕ್ಕ. ಮಾರ್ಕೆಟ್ ಪ್ಲೇಸ್, ಕ್ಲಾಕ್ ಟವರ್ ಸುತ್ತ ಅಂಗಡಿ, ಪಬ್ ಇವೆ, ವಾಸ ಮಾಡುವವರು ಕಡಿಮೆ. ಶನಿವಾರ ರಾತ್ರಿ ಸುತ್ತಲಿನ ಊರಿನವರೆಲ್ಲ ಬಂದು ಮಾಡಿದ ಗಲಾಟೆಯನ್ನು ಅಲ್ಲಿ ಮನೆ ಇರುವ ನಾಲ್ಕು ಜನಕ್ಕೆ ಭಾಗಿಸಿದರೆ ಅಂಕಿ ದೊಡ್ಡದಾಗಲೇಬೇಕು. ಜಾತ್ರೆ ದಿನದ ಜೇಬುಗಳ್ಳತನವನ್ನೆಲ್ಲ ಆ ಹಳ್ಳಿಯ ನೂರು ಮನೆ ತಲೆಗೆ ಕಟ್ಟಿದ ಹಾಗೆ. ಮನೆ ಬಾಡಿಗೆಗೆ ಹುಡುಕುವಾಗ ಇಡೀ ಊರಿನ ಅಂಕಿ ನೋಡಬೇಡಿ. ನಿಮ್ಮ ಬೀದಿಯ ಒಂದು ವರ್ಷದ ಲೆಕ್ಕ ತೆಗೆದು, ಅದರಲ್ಲಿ ಮನೆಗಳ್ಳತನ ಮತ್ತು ಕಾರು ಕಳ್ಳತನ ಎಷ್ಟು ಅಂತ ಮಾತ್ರ ನೋಡಿ. ಹೋಲ್ಟನ್, ಹಿಲ್‌ಮಾರ್ಟನ್, ಬ್ರೌನ್‌ಸೋವರ್ ಯಾವ ಬಡಾವಣೆಯೇ ಆಗಲಿ, ಒಮ್ಮೆ ಬೆಳಿಗ್ಗೆ, ಒಮ್ಮೆ ಕತ್ತಲಾದ ಮೇಲೆ ನಡೆದು ನೋಡಿ ಬನ್ನಿ.

ಅಂಗಡಿ ಕಳ್ಳತನ ಮಾತ್ರ ನಿಜಕ್ಕೂ ಜಾಸ್ತಿಯಾಗಿದೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ದಾಖಲಿಸಿದ್ದು 5 ಲಕ್ಷ 30 ಸಾವಿರಕ್ಕೂ ಹೆಚ್ಚು. ಚೀಸ್, ಮಾಂಸದ ಪ್ಯಾಕೆಟ್ಟಿಗೂ ಬೀಗದ ಟ್ಯಾಗ್ ಕಾಣುವುದು ಅದಕ್ಕೇ. ಯಾರಾದರೂ ಕದ್ದು ಓಡುವುದು ಕಂಡರೆ ಅಡ್ಡ ಹೋಗಬೇಡಿ. ಅಂಗಡಿಯವರೇ ನೋಡಿಕೊಳ್ಳುತ್ತಾರೆ.

ಬಾಗಿಲ ಹಿಡಿಕೆ ಮೇಲೆತ್ತಿ

ಇದನ್ನು ಪ್ರತಿ ಹೊಸ ಮನೆಯವರಿಗೂ ನಾವೇ ಹೋಗಿ ತೋರಿಸುತ್ತೇವೆ. ಇಲ್ಲಿನ ಬಿಳಿ ಪ್ಲಾಸ್ಟಿಕ್ ಚೌಕಟ್ಟಿನ ಬಾಗಿಲು ಎಳೆದುಕೊಂಡ ಮಾತ್ರಕ್ಕೆ ಬೀಗ ಬೀಳುವುದಿಲ್ಲ. ಎಳೆದ ಮೇಲೆ ಹಿಡಿಕೆಯನ್ನು ಮೇಲಕ್ಕೆತ್ತಬೇಕು. ಆಗ ಬಾಗಿಲಿನ ಉದ್ದಕ್ಕೂ ಇರುವ ಕೊಕ್ಕೆಗಳು ಚೌಕಟ್ಟಿನೊಳಗೆ ಕಟಕಟ ಅಂತ ಕೂರುವ ಸದ್ದು ಕೇಳುತ್ತದೆ. ಅದಾದ ಮೇಲೆ ಕೀ ತಿರುಗಿಸಬೇಕು. ಎರಡೂ ಮಾಡದಿದ್ದರೆ ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ, ಅಷ್ಟೇ.

ನಮ್ಮ ಒಬ್ಬ ಸದಸ್ಯರ ಮನೆಯಲ್ಲಿ ನವೆಂಬರ್ ತಿಂಗಳ ಒಂದು ಸಂಜೆ ಹೀಗೇ ಆಯಿತು. ದೀಪಾವಳಿ ಮುಗಿದ ವಾರ. ನಾಲ್ಕೂವರೆಗೆಲ್ಲ ಕತ್ತಲು. ಬರ್ಮಿಂಗ್‌ಹ್ಯಾಮಿಗೆ ಹೋಗಿ ಬರುವಷ್ಟರಲ್ಲಿ ಕಳ್ಳರು ಹಿಂಬಾಗಿಲಿಂದ ಬಂದು ಹೋಗಿದ್ದರು. ಟಿವಿ ಮುಟ್ಟಿರಲಿಲ್ಲ, ಲ್ಯಾಪ್‌ಟಾಪ್ ಮುಟ್ಟಿರಲಿಲ್ಲ. ಬೀರು, ಹಾಸಿಗೆ ಕೆಳಗೆ, ದೇವರ ಗೂಡು, ಕೊನೆಗೆ ಅಕ್ಕಿ ಡಬ್ಬಿ. ಅಕ್ಕಿ ಅಡುಗೆಮನೆ ತುಂಬ ಚೆಲ್ಲಿತ್ತು. ಅಜ್ಜಿ ಕೊಟ್ಟ ಅವಲಕ್ಕಿ ಸರ ಹೋಯಿತು. ಆ ಅಕ್ಕಿ ಗುಡಿಸುತ್ತಾ ಆಕೆ ಅತ್ತಿದ್ದು ನಮಗೆ ಇವತ್ತಿಗೂ ಮರೆತಿಲ್ಲ. ವಿಮೆ ಇತ್ತು. ಆದರೆ ಒಂದು ವಸ್ತುವಿಗೆ ಇಷ್ಟೇ ಅಂತ ಮಿತಿ ಇತ್ತು. ಸರವನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸಿರಲಿಲ್ಲ. ಬಂದ ದುಡ್ಡು ಸರದ ಬೆಲೆಯ ಕಾಲುಭಾಗವೂ ಅಲ್ಲ.

ಭಾರತದ ಕಡೆಯವರ ಮನೆಯಲ್ಲಿ ಬಂಗಾರ ಇರುತ್ತದೆ ಅಂತ ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. 2019ರಲ್ಲಿ ಬಿಬಿಸಿ ಪೊಲೀಸರಿಂದ ಲೆಕ್ಕ ತರಿಸಿಕೊಂಡಾಗ, ಐದು ವರ್ಷದಲ್ಲಿ ಕಳುವಾದ ಏಷ್ಯನ್ ಚಿನ್ನದ ಬೆಲೆ ಸುಮಾರು 14 ಕೋಟಿ ಪೌಂಡ್ ಅಂತ ತಿಳಿದುಬಂತು. ಹಾಗಾಗಿ ಮದುವೆ ಒಡವೆ ಊರಿನ ಬ್ಯಾಂಕ್ ಲಾಕರಿನಲ್ಲೇ ಇರಲಿ. ಇಲ್ಲಿ ತಂದಿದ್ದರೆ ಪ್ರತಿಯೊಂದರ ಫೋಟೊ ತೆಗೆದು, ತೂಕ ಬರೆದು, ರಸೀದಿ ಇಟ್ಟುಕೊಳ್ಳಿ. ವಿಮೆಯಲ್ಲಿ ಹೆಸರು ಹೇಳಿ ಬರೆಸಿ. ವರಮಹಾಲಕ್ಷ್ಮಿ ಪೂಜೆಗೆ ಮೈತುಂಬ ಒಡವೆ ಹಾಕಿಕೊಂಡ ಫೋಟೊ ಫೇಸ್‌ಬುಕ್ಕಿಗೆ ಅವತ್ತೇ ಹಾಕಬೇಡಿ. ಬಾಗಿಲಿಗೆ ತೋರಣ ಕಟ್ಟಬೇಡಿ, ನಮ್ಮವರ ಮನೆ ಅಂತ ಗೊತ್ತಾಗುತ್ತೆ ಅಂತ ಕೆಲವರು ಹೇಳುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ತೋರಣ ಕಟ್ಟಿ, ರಂಗೋಲಿ ಹಾಕಿ. ಬೀಗವನ್ನೂ ಸರಿಯಾಗಿ ಹಾಕಿ.

ಚಳಿಗಾಲದಲ್ಲಿ ಮನೆಯಲ್ಲಿ ಯಾರೂ ಇಲ್ಲದಾಗ ತಾನಾಗೇ ಹೊತ್ತಿಕೊಳ್ಳಲಿ ಅಂತ ಒಂದು ದೀಪಕ್ಕೆ ಟೈಮರ್ ಹಾಕಿ. ಕಾರ್ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಡಿ, ಕಾಗದ ಹಾಕುವ ಕಿಂಡಿಯಿಂದ ಕೋಲು ತೂರಿಸಿ ಎಳೆದುಕೊಳ್ಳುತ್ತಾರೆ. ಕೀ ಇಲ್ಲದೆ ಬಟನ್ ಒತ್ತಿ ಶುರುವಾಗುವ ಕಾರಾದರೆ ಕೀಯನ್ನು ಸಿಗ್ನಲ್ ತಡೆಯುವ ಚೀಲದಲ್ಲಿಡಿ. ನಮ್ಮವರು ಇಷ್ಟಪಟ್ಟು ಕೊಳ್ಳುವ ಹಳೇ ಹೋಂಡಾ ಜಾಝ್, ಟೊಯೊಟಾ ಪ್ರಿಯಸ್ ಹೈಬ್ರಿಡ್ ಕಾರುಗಳ ಅಡಿಯಿಂದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಕೊಯ್ದು ಒಯ್ಯುವವರಿದ್ದಾರೆ. ಅದರಲ್ಲಿ ಬೆಲೆಬಾಳುವ ಲೋಹ ಇರುತ್ತದೆ. ಬೆಳಕಿರುವ ಕಡೆ ನಿಲ್ಲಿಸಿ.

ಪಕ್ಕದ ಮನೆಯವರನ್ನು ಪರಿಚಯ ಮಾಡಿಕೊಳ್ಳಿ. ಬಂದ ಮೊದಲ ವಾರವೇ ಒಂದಿಷ್ಟು ಚಕ್ಕುಲಿ ಹಿಡಿದು ಹೋಗಿ. ಇಲ್ಲಿ ನೇಬರ್‌ಹುಡ್ ವಾಚ್ ಅಂತ ಇದೆ, ಅಕ್ಕಪಕ್ಕದವರು ಒಬ್ಬರ ಮನೆ ಮೇಲೆ ಒಬ್ಬರು ಕಣ್ಣಿಡುವ ಏರ್ಪಾಡು. 1982ರಲ್ಲಿ ಚೆಶೈರ್‌ನ ಮಾಲಿಂಗ್ಟನ್ ಅನ್ನುವ ಹಳ್ಳಿಯಲ್ಲಿ ಶುರುವಾಗಿ ದೇಶ ತುಂಬ ಹರಡಿತು. ನೀವು ಊರಿಗೆ ಹೋದಾಗ ನಿಮ್ಮ ಮನೆ ಕಡೆ ಕಣ್ಣಿಡುವವರು ಅವರೇ.

ಫೋನ್ ಬಂದರೆ

"ಹೋಮ್ ಆಫೀಸಿನಿಂದ ಮಾತಾಡ್ತಿದೀವಿ, ನಿಮ್ಮ ವೀಸಾದಲ್ಲಿ ತಪ್ಪಿದೆ, ಈಗಲೇ ದಂಡ ಕಟ್ಟಿ, ಇಲ್ಲದಿದ್ರೆ ವಾಪಸ್ ಕಳಿಸ್ತೀವಿ." ಇದು ಊರಿನ ಡಿಜಿಟಲ್ ಅರೆಸ್ಟಿನ ತಮ್ಮ. ನಿಮ್ಮ ಹೆಸರು, ವಿಳಾಸ ಎಲ್ಲ ಸರಿಯಾಗಿ ಹೇಳುತ್ತಾರೆ. ಹೋಮ್ ಆಫೀಸ್, ಅಂದರೆ ವೀಸಾ ನೋಡಿಕೊಳ್ಳುವ ಇಲ್ಲಿನ ಗೃಹ ಇಲಾಖೆ, ಫೋನ್ ಮಾಡಿ ದುಡ್ಡು ಕೇಳುವುದಿಲ್ಲ. ಪೊಲೀಸರೂ ಕೇಳುವುದಿಲ್ಲ. ಫೋನ್ ಇಟ್ಟುಬಿಡಿ. ಬ್ಯಾಂಕಿನಿಂದ ಅಂತ ಕರೆ ಬಂದು ಅನುಮಾನ ಬಂದರೆ, ಕಟ್ ಮಾಡಿ 159ಕ್ಕೆ ಮಾಡಿ, ನಿಮ್ಮ ಬ್ಯಾಂಕಿಗೇ ಜೋಡಿಸುತ್ತಾರೆ. ಸುಳ್ಳು ಮೆಸೇಜನ್ನು 7726ಕ್ಕೆ ಫಾರ್ವರ್ಡ್ ಮಾಡಿ. ಮೋಸ ಹೋಗಿದ್ದರೆ ಮೊದಲು ಬ್ಯಾಂಕಿಗೆ, ಆಮೇಲೆ ಮೋಸದ ದೂರು ತೆಗೆದುಕೊಳ್ಳುವ 0300 123 2040ಕ್ಕೆ ಹೇಳಿ. 2024ರ ಅಕ್ಟೋಬರ್ 7ರಿಂದ, ಇಲ್ಲಿನ ಒಂದು ಖಾತೆಯಿಂದ ಇಲ್ಲಿನದೇ ಇನ್ನೊಂದು ಖಾತೆಗೆ ಮೋಸದಿಂದ ಕಳಿಸಿದ ದುಡ್ಡನ್ನು ಬ್ಯಾಂಕುಗಳು 85,000 ಪೌಂಡ್‌ವರೆಗೆ ಬಹುಪಾಲು ಸಂದರ್ಭದಲ್ಲಿ ಹಿಂದಿರುಗಿಸಬೇಕು. ಭಾರತದ ಖಾತೆಯಿಂದ ಕಳಿಸಿದ್ದಕ್ಕೆ ಈ ರಕ್ಷಣೆ ಇಲ್ಲ. ಅದಕ್ಕೇ ಹೇಳುವುದು, ಮನೆ ನೋಡದೆ ಬೆಂಗಳೂರಿನಿಂದಲೇ ಅಡ್ವಾನ್ಸ್ ಕಳಿಸಬೇಡಿ. ನಮ್ಮನ್ನು ಕೇಳಿ, ಯಾರಾದರೂ ಹೋಗಿ ನೋಡಿ ಬರುತ್ತೇವೆ. ಸಾಮಾನ್ಯ ಬಾಡಿಗೆ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು.

ಗೊತ್ತಿಲ್ಲದೆ ನಾವೇ ತಪ್ಪು ಮಾಡುವುದು

ಊರಿಂದ ಬರುವಾಗ ಅಮ್ಮಂದಿರು ಹೆಣ್ಣುಮಕ್ಕಳ ಬ್ಯಾಗಿಗೆ ಪೆಪ್ಪರ್ ಸ್ಪ್ರೇ ಹಾಕಿ ಕಳಿಸುತ್ತಾರೆ. ಇಲ್ಲಿ ಅದು ಬಂದೂಕಿನ ಕಾಯ್ದೆಯ ಕೆಳಗೆ ನಿಷೇಧಿತ ಆಯುಧ. ದಯವಿಟ್ಟು ತರಬೇಡಿ. ಜೋರಾಗಿ ಕೂಗುವ ಅಲಾರಂ ಇಟ್ಟುಕೊಳ್ಳಬಹುದು. ಕಾಲ್ಡಿಕಾಟ್ ಪಾರ್ಕಿಗೆ ಹೋಗುವಾಗ ಹಣ್ಣು ಕೊಯ್ಯಲು ಅಡುಗೆ ಚಾಕು ಚೀಲಕ್ಕೆ ಹಾಕಿಕೊಳ್ಳುವುದೂ ಬೇಡ. ಸರಿಯಾದ ಕಾರಣವಿಲ್ಲದೆ ಹೊರಗಡೆ ಚಾಕು ಇಟ್ಟುಕೊಳ್ಳುವುದು ಅಪರಾಧ. ಮೂರು ಇಂಚಿಗಿಂತ ಚಿಕ್ಕದಾದ, ತೆರೆದಾಗ ಲಾಕ್ ಆಗದ ಮಡಚುವ ಚಾಕುವಿಗೆ ಮಾತ್ರ ವಿನಾಯಿತಿ. ಮಾವಿನಹಣ್ಣು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡು ಬನ್ನಿ. ಪಟಾಕಿ ರಾತ್ರಿ 11ರ ಮೇಲೆ ಹೊಡೆಯುವಂತಿಲ್ಲ, ಆದರೆ ದೀಪಾವಳಿ ರಾತ್ರಿ 1 ಗಂಟೆವರೆಗೆ ಕಾನೂನೇ ಬಿಡುತ್ತದೆ. ಚಿಕ್ಕ ಮಕ್ಕಳನ್ನು "ಹತ್ತೇ ನಿಮಿಷ" ಅಂತ ಮನೆಯಲ್ಲೋ ಕಾರಿನಲ್ಲೋ ಬಿಟ್ಟು ಹೋಗಬೇಡಿ. ಇಷ್ಟೇ ವಯಸ್ಸು ಅಂತ ಕಾನೂನಿನಲ್ಲಿ ಬರೆದಿಲ್ಲ, ಆದರೆ ಮಗುವಿಗೆ ಅಪಾಯ ಆಗುವಂತಿದ್ದರೆ ಕೇಸು ಹಾಕಬಹುದು.

"ಹೋಗ್ಲಿ ಬಿಡಿ" ಅನ್ನಬೇಡಿ

ನಮ್ಮವರ ದೊಡ್ಡ ತೊಂದರೆ ಇದು. ಪೊಲೀಸ್ ಅಂದರೆ ಸ್ಟೇಷನ್ನು, ಅಲೆದಾಟ, ಯಾಕೆ ಬೇಕು ಅನ್ನುವ ಭಾವನೆ. ಇಲ್ಲಿ ದೂರು ಕೊಡಲು ಯಾರ ಶಿಫಾರಸೂ ಬೇಡ. ಪ್ರಾಣಕ್ಕೆ ಅಪಾಯ, ಈಗ ನಡೆಯುತ್ತಿದೆ ಅಂದರೆ 999. ಆಗಿಹೋಗಿದ್ದು, ತುರ್ತಿಲ್ಲ ಅಂದರೆ 101 ಅಥವಾ ವಾರಿಕ್‌ಶೈರ್ ಪೊಲೀಸರ ವೆಬ್‌ಸೈಟು. ರೈಲಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ 61016ಕ್ಕೆ ಮೆಸೇಜ್ ಮಾಡಿ, ರೈಲ್ವೆ ಪೊಲೀಸರಿಗೆ ಹೋಗುತ್ತದೆ. ಇಂಗ್ಲಿಷ್ ತಡವರಿಸಿದರೆ "ಕನ್ನಡ ಇಂಟರ್‌ಪ್ರಿಟರ್" ಅಂತ ಕೇಳಿ. ನೊಂದವರಿಗೆ ಅರ್ಥವಾಗುವ ಭಾಷೆಯಲ್ಲಿ ಸಹಾಯ ಪಡೆಯುವ ಹಕ್ಕಿದೆ. ದೂರು ಕೊಟ್ಟ ಮೇಲೆ ಕ್ರೈಮ್ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ, ವಿಮೆಗೆ ಅದು ಬೇಕೇ ಬೇಕು. ಕದ್ದ ಸೈಕಲ್ಲು ವಾಪಸ್ ಬರುತ್ತೆ ಅಂತ ನಾವು ಮಾತು ಕೊಡಲಾರೆವು. ಬಹಳ ಸಲ ಬರುವುದಿಲ್ಲ. ಆದರೆ ನೀವು ಹೇಳದಿದ್ದರೆ ಆ ನಕ್ಷೆಯಲ್ಲಿ ನಿಮ್ಮ ಬೀದಿ ಖಾಲಿ ಕಾಣುತ್ತದೆ. ಖಾಲಿ ಇರುವ ಬೀದಿ ಕಡೆ ಪೊಲೀಸರು ಯಾಕೆ ಬರುತ್ತಾರೆ?

ಬಣ್ಣ ನೋಡಿ ಬೈದರೂ ಹೀಗೇ. 2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಮಕ್ಕಳ ಕೊಲೆ ನಡೆದ ಮೇಲೆ ಸುಳ್ಳು ಸುದ್ದಿ ಹಬ್ಬಿ ಹಲವು ಊರುಗಳಲ್ಲಿ ಗಲಭೆಯಾಯಿತು. ಇಲ್ಲಿಂದ ಒಂದು ಗಂಟೆಯೊಳಗೆ ಹೋಗಬಹುದಾದ ಟ್ಯಾಮ್‌ವರ್ತ್‌ನಲ್ಲಿ ಆಶ್ರಯ ಕೇಳಿ ಬಂದವರಿದ್ದ ಹೋಟೆಲಿನ ಮೇಲೆ ದಾಳಿ ಆಯಿತು. ಆ ವಾರ ನಮ್ಮ ವಾಟ್ಸಾಪ್ ಗುಂಪು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಫಾರ್ವರ್ಡ್ ಆಗಿ ಬಂದ ಪಟ್ಟಿಗಳಲ್ಲಿ ಹೆಚ್ಚಿನವು ಸುಳ್ಳು. ಅಂಥ ಹೊತ್ತಿನಲ್ಲಿ ಪೊಲೀಸರ ಪುಟ ನೋಡಿ, ಸಿಕ್ಕಿದ್ದನ್ನೆಲ್ಲ ಮುಂದೆ ಕಳಿಸಬೇಡಿ. ಬಸ್ ಸ್ಟಾಪಿನಲ್ಲಿ ನಿಮ್ಮ ಮಗನಿಗೆ ಯಾರಾದರೂ "ನಿಮ್ಮ ದೇಶಕ್ಕೆ ಹೋಗು" ಅಂದರೆ ಅದನ್ನು 101ಕ್ಕೆ ಹೇಳಬಹುದು. ಅದು ದ್ವೇಷದಿಂದ ಅಂದ ಮಾತು ಅಂತ ನಿಮಗೆ ಅನ್ನಿಸಿದರೆ ಹಾಗೇ ಹೇಳಿ, ಅವರು ಬರೆದುಕೊಳ್ಳುತ್ತಾರೆ. ಮಗನಿಗೂ ಅಪ್ಪ ಅಮ್ಮ ಸುಮ್ಮನಿರಲಿಲ್ಲ ಅಂತ ಗೊತ್ತಾಗಬೇಕು, ಅಲ್ವಾ?

ಗಾಯವಾಗಿದ್ದರೆ ಇದೊಂದು ನೆನಪಿರಲಿ. ರಗ್ಬಿಯ ಸೇಂಟ್ ಕ್ರಾಸ್ ಆಸ್ಪತ್ರೆಯಲ್ಲಿ ಸಣ್ಣಪುಟ್ಟ ಗಾಯಕ್ಕೆ ಚಿಕಿತ್ಸೆ ಇದೆ. ದೊಡ್ಡದಕ್ಕೆ ಕವೆಂಟ್ರಿಯ ಯೂನಿವರ್ಸಿಟಿ ಆಸ್ಪತ್ರೆಗೇ ಹೋಗಬೇಕು. ತುರ್ತಾದರೆ 999ಕ್ಕೆ ಮಾಡಿ ಆಂಬುಲೆನ್ಸ್ ಕೇಳಿ.

ಮನೆಯೊಳಗೇ ಹೆದರಿಕೆ ಇದ್ದರೆ

ಬೀದಿಯ ಕಳ್ಳನ ಬಗ್ಗೆ ನಾವು ಎಷ್ಟು ಬೇಕಾದರೂ ಮಾತಾಡುತ್ತೇವೆ, ಇದರ ಬಗ್ಗೆ ಮಾತಾಡುವುದಿಲ್ಲ. ಗಂಡನ ವೀಸಾ ಮೇಲೆ ಬಂದಿದ್ದೀರಿ, ಇಲ್ಲಿ ಯಾರೂ ಗೊತ್ತಿಲ್ಲ, ಪಾಸ್‌ಪೋರ್ಟ್ ಅವರ ಹತ್ತಿರ ಇದೆ. ಹೊಡೆತ ಇದ್ದರೂ, ಹೊಡೆತ ಇಲ್ಲದೆ ಬರೀ ಬೆದರಿಕೆ ಇದ್ದರೂ, ದುಡ್ಡು ಫೋನು ಕಿತ್ತಿಟ್ಟುಕೊಂಡಿದ್ದರೂ ಸಹಾಯ ಕೇಳಬಹುದು. ಮನೆಯೊಳಗಿನ ಹಿಂಸೆಗೆಂದೇ ಇರುವ ಸಹಾಯವಾಣಿ 0808 2000 247ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಮಾತಾಡಲು ಆಗದ ಸ್ಥಿತಿಯಲ್ಲಿದ್ದರೆ ಮೊಬೈಲಿನಿಂದ 999 ಒತ್ತಿ, ಕೇಳಿದಾಗ 55 ಒತ್ತಿ. ಮಾತಾಡಲಾಗದೆ ಕರೆ ಮಾಡಿದ್ದೀರಿ ಅಂತ ತಿಳಿದು ಪೊಲೀಸರಿಗೆ ಜೋಡಿಸುತ್ತಾರೆ. 55 ಒತ್ತಿದ ಮಾತ್ರಕ್ಕೆ ನೀವಿರುವ ಜಾಗ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಲೈನಿನಲ್ಲೇ ಇರಿ, ಅವರು ಹೌದು ಇಲ್ಲ ಅನ್ನುವಂಥ ಪ್ರಶ್ನೆ ಕೇಳುತ್ತಾರೆ.

ನಮ್ಮ ಹೆಂಗಸರ ಗುಂಪಿನಲ್ಲಿ ಯಾರಿಗಾದರೂ "ಸ್ವಲ್ಪ ಮಾತಾಡ್ಬೇಕಿತ್ತು" ಅಂತ ಬರೆದರೆ ಸಾಕು. ಯಾಕೆ ಅಂತ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ಒಬ್ಬರು ಕಾರು ತಗೊಂಡು ಬರುತ್ತಾರೆ.